ಬಿ. ಸರೋಜಾದೇವಿಯವರ ಚಿತ್ರಗಳ ಪಟ್ಟಿ ಮಾಡಿದ ಬಗೆ

‘1955ರಿಂದ 1984ರವರೆಗೆ ಸತತ 161 ಚಿತ್ರಗಳಲ್ಲಿ ನಾಯಕಿ.’ ಬಿ. ಸರೋಜಾದೇವಿಯವರ ಬಗ್ಗೆ ಬರೆದವರಲ್ಲಿ ಬಹಳ ಮಂದಿ ಈ ಸಾಲನ್ನು ಒಬ್ಬರಿಂದೊಬ್ಬರು ಎತ್ತಿಕೊಂಡಿದ್ದಾರೆ. ಪಟ್ಟಿ ಕಟ್ಟಲು ಕೂತಾಗ ನಾನು ಮೊದಲು ಪಕ್ಕಕ್ಕಿಟ್ಟದ್ದು ಇದನ್ನೇ. 1957ರ ‘ತಂಗಮಲೈ ರಹಸ್ಯಂ’ನಲ್ಲಿ ಅವರದು ನೃತ್ಯ ಮಾತ್ರ. 1958ರ ‘ಭೂಕೈಲಾಸ’ದಲ್ಲಿ ಅವರು ಪಾರ್ವತಿ, ಮಂಡೋದರಿ ಜಮುನಾ. 1959ರ ಹಿಂದಿ ‘ಪೈಗಾಮ್’ನಲ್ಲಿ ದಿಲೀಪ್ ಕುಮಾರ್ ಎದುರು ವೈಜಯಂತಿಮಾಲಾ ಇದ್ದಾರೆ. ‘ಸತತ’ ಎನ್ನುವ ಮಾತು ಮೊದಲ ಐದು ವರ್ಷದಲ್ಲೇ ಮುಗ್ಗರಿಸುತ್ತದೆ. ಅವರ ಹಿರಿಮೆಗೆ ಇದರಿಂದ ಕುಂದೇನಿಲ್ಲ, ಲೆಕ್ಕ ಮಾತ್ರ ಬೇರೆಯಾಗುತ್ತದೆ. ಆದ್ದರಿಂದ ಒಟ್ಟು ಸಂಖ್ಯೆಯನ್ನು ಕೊನೆಗೆ ಬರೆಯಬೇಕು, ಅದೂ ತಾನಾಗಿ ಬಂದರೆ.

ಹಾಳೆಯಲ್ಲಿ ಒಂದು ಸಾಲಿಗೆ ಒಂದು ಚಿತ್ರ ಎಂದು ಶುರು ಮಾಡಿದರೆ ಎರಡನೇ ದಿನವೇ ಅಳಿಸಬೇಕಾಗುತ್ತದೆ. ಒಂದು ಸಾಲಿಗೆ ಒಂದು ಚಿತ್ರದ ಒಂದು ಭಾಷೆ, ಇದು ಸರಿಯಾದ ಅಳತೆ. ನನ್ನ ಕಾಲಂಗಳು ಹನ್ನೆರಡು: ಟೈಟಲ್ ಕಾರ್ಡಿನಲ್ಲಿ ಇರುವಂತೆಯೇ ಹೆಸರು, ಭಾಷೆ, ಬಿಡುಗಡೆಯ ದಿನ, ಆ ದಿನ ಯಾವ ಊರಿನದು, ಸೆನ್ಸಾರ್ ದಿನ, ಉದ್ದ, ನಿರ್ದೇಶಕರು, ಪಾತ್ರದ ಹೆಸರು, ಪಾತ್ರದ ದರ್ಜೆ (ನಾಯಕಿ, ಎರಡನೇ ನಾಯಕಿ, ಪೋಷಕ, ನೃತ್ಯ, ಅತಿಥಿ), ಬೇರೆ ಭಾಷೆಯ ಯಾವ ಚಿತ್ರದೊಂದಿಗೆ ನಂಟು, ಸಾಕ್ಷಿ, ಸಾಕ್ಷಿಯ ಅಂಕ. ಕೊನೆಯ ಎರಡು ಕಾಲಂ ಇಲ್ಲದ ಪಟ್ಟಿ ಎಷ್ಟು ಉದ್ದವಿದ್ದರೂ ಉಪಯೋಗಕ್ಕೆ ಬಾರದು.

ಸಾಕ್ಷಿಗೆ ನಾನು ನಾಲ್ಕು ಅಂಕ ಇಟ್ಟುಕೊಂಡಿದ್ದೇನೆ. ಚಿತ್ರವನ್ನೇ ಪೂರ್ತಿ ನೋಡಿದ್ದರೆ 1. ಆ ಕಾಲದ ಕಾಗದ, ಅಂದರೆ ಸೆನ್ಸಾರ್ ಪತ್ರ, ಪತ್ರಿಕೆಯ ಜಾಹೀರಾತು, ಹಾಡಿನ ಪುಸ್ತಕ ಸಿಕ್ಕಿದ್ದರೆ 2. ಮುಂದೆ ಯಾರೋ ಶ್ರಮಪಟ್ಟು ಕೂಡಿಹಾಕಿದ್ದು, ತಮಿಳಿಗೆ ಫಿಲ್ಮ್ ನ್ಯೂಸ್ ಆನಂದನ್ ಅವರ ಸಂಗ್ರಹದಂಥದ್ದು, 3. ಅಂತರ್ಜಾಲದ ಪಟ್ಟಿ 4. ಬರೀ 4 ಇರುವ ಸಾಲನ್ನು ಅಳಿಸುವುದಿಲ್ಲ, ಎಣಿಕೆಗೂ ಸೇರಿಸುವುದಿಲ್ಲ.

‘ಪೂರ್ತಿ ನೋಡಿದ್ದರೆ’ ಎಂದೆ. ಎಂ.ಜಿ.ಆರ್. ನಿರ್ದೇಶಿಸಿದ 1958ರ ‘ನಾಡೋಡಿ ಮನ್ನನ್’ ಇದಕ್ಕೆ ಒಳ್ಳೆಯ ಪಾಠ. ಮೊದಲರ್ಧದಲ್ಲಿ ಸರೋಜಾದೇವಿ ಕಾಣುವುದೇ ಇಲ್ಲ. ಚಿತ್ರ ಕಪ್ಪುಬಿಳುಪಿನಿಂದ ಗೇವಾಕಲರ್‌ಗೆ ತಿರುಗುವ ಎರಡನೇ ಭಾಗದಲ್ಲಿ ಬರುತ್ತಾರೆ. ಮುಕ್ಕಾಲು ಗಂಟೆ ನೋಡಿ ‘ಇಲ್ಲ’ ಎಂದು ಬರೆದವರ ಪಟ್ಟಿಯಿಂದ, ಅವರನ್ನು ತಮಿಳಿನಲ್ಲಿ ತಾರೆಯಾಗಿಸಿದ ಚಿತ್ರವೇ ಬಿದ್ದುಹೋಗುತ್ತದೆ.

ಟೈಟಲ್ ಕಾರ್ಡನ್ನು ಫ್ರೇಮ್ ನಿಲ್ಲಿಸಿ ಚಿತ್ರ ತೆಗೆದು ಇಟ್ಟುಕೊಳ್ಳಿ. ಟಿ.ವಿ. ಪ್ರತಿಗಳಲ್ಲಿ ವಾಹಿನಿಯ ಗುರುತು ಹೆಸರಿನ ಮೇಲೇ ಕೂತಿರುತ್ತದೆ, ಕೆಲವು ಕಡೆ ನಟವರ್ಗವನ್ನೇ ಕತ್ತರಿಸಿರುತ್ತಾರೆ. ತಮಿಳು ಕಾರ್ಡುಗಳಲ್ಲಿ ಇನ್ನೊಂದು ತೊಡಕು. ತಮಿಳು ಲಿಪಿಯಲ್ಲಿ ‘ಪ’ ಮತ್ತು ‘ಬ’ಕ್ಕೆ ಒಂದೇ ಅಕ್ಷರ. ಯಂತ್ರದಿಂದ ಲಿಪ್ಯಂತರ ಮಾಡಿಸಿದರೆ ‘ಪಿ. ಸರೋಜಾದೇವಿ’ ಎಂಬ ಹೊಸ ನಟಿ ಹುಟ್ಟಿಕೊಳ್ಳುತ್ತಾರೆ. 1978ರ ಲಿಪಿ ಸುಧಾರಣೆಗೆ ಮುಂಚಿನ ಕಾರ್ಡುಗಳಲ್ಲಿ ‘ಲೈ’, ‘ನೈ’, ‘ಣೈ’ ಅಕ್ಷರಗಳ ರೂಪವೇ ಬೇರೆ, ಯಂತ್ರ ಅವನ್ನು ಓದುವಾಗ ಎಡವುತ್ತದೆ. ಕೈಯಿಂದ ಬರೆದುಕೊಳ್ಳುವುದೇ ಕಡಿಮೆ ಶ್ರಮ.

ಹೆಸರಿನ ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಅದೇ ಕಾಲದಲ್ಲಿ ಇ.ವಿ. ಸರೋಜಾ ಇದ್ದರು, ಒಳ್ಳೆಯ ನರ್ತಕಿ. 1963ರ ‘ಕೊಡುತ್ತು ವೈತ್ತವಳ್’ನಲ್ಲಿ ಎಂ.ಜಿ.ಆರ್.ಗೆ ನಾಯಕಿ ಅವರು. ಬರೀ ‘ಎಂ.ಜಿ.ಆರ್.–ಸರೋಜಾ’ ಎಂದು ಬರೆದಿರುವ ಕಡೆಯಲ್ಲೆಲ್ಲ ಇದು ಬಂದು ಸೇರಿಕೊಳ್ಳುತ್ತದೆ. ಚಿತ್ರದ ಹೆಸರುಗಳೂ ಹೀಗೆಯೇ. ಸರೋಜಾದೇವಿ ಇರುವುದು ಹೊನ್ನಪ್ಪ ಭಾಗವತರ್ 1955ರಲ್ಲಿ ತಯಾರಿಸಿದ ಕನ್ನಡದ ‘ಮಹಾಕವಿ ಕಾಳಿದಾಸ’ದಲ್ಲಿ. 1966ರ ಶಿವಾಜಿ ಗಣೇಶನ್ ಅವರ ತಮಿಳು ‘ಮಹಾಕವಿ ಕಾಳಿದಾಸ್’ ಬೇರೆ. ಕೆ. ಸುಬ್ರಹ್ಮಣ್ಯಂ ‘ಕಚ ದೇವಯಾನಿ’ಯನ್ನು ಎರಡು ಸಲ ಮಾಡಿದರು: 1941ರಲ್ಲಿ ತಮಿಳಿನಲ್ಲಿ ಟಿ.ಆರ್. ರಾಜಕುಮಾರಿ, 1956ರಲ್ಲಿ ಕನ್ನಡದಲ್ಲಿ ಸರೋಜಾದೇವಿ. ಒಬ್ಬರೇ ನಿರ್ದೇಶಕರು, ಒಂದೇ ಹೆಸರು. ವರ್ಷ ನೋಡದೆ ಬರೆದರೆ ಮೂರು ವರ್ಷದ ಮಗು ದೇವಯಾನಿಯಾಗುತ್ತದೆ.

ಎರಡು ಭಾಷೆಯ ಚಿತ್ರಗಳ ವಿಷಯಕ್ಕೆ ಬರೋಣ. ಪಟ್ಟಿ ಹಾಳಾಗುವುದು ಹೆಚ್ಚಾಗಿ ಇಲ್ಲೇ. ‘ನಂಟು’ ಕಾಲಂನಲ್ಲಿ ನಾನು ಮೂರು ಗುರುತು ಹಾಕುತ್ತೇನೆ.

ಜೋಡಿ ಎಂದರೆ ಒಂದೇ ಕಾಲಕ್ಕೆ ಎರಡು ಭಾಷೆಯಲ್ಲಿ ಬೇರೆಬೇರೆಯಾಗಿ ಚಿತ್ರೀಕರಿಸಿದ್ದು. ‘ಭೂಕೈಲಾಸ’ದ ಕನ್ನಡದಲ್ಲಿ ರಾವಣ ರಾಜಕುಮಾರ್, ತೆಲುಗಿನಲ್ಲಿ ಎನ್.ಟಿ. ರಾಮರಾವ್, ಪಾರ್ವತಿ ಎರಡರಲ್ಲೂ ಸರೋಜಾದೇವಿ. ಬಿ.ಎಸ್. ರಂಗಾ ಅವರ 1964ರ ‘ಅಮರಶಿಲ್ಪಿ ಜಕಣಾಚಾರಿ’, ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ, ಇದೂ ಹಾಗೆಯೇ: ಕನ್ನಡಕ್ಕೆ ಕಲ್ಯಾಣ್ ಕುಮಾರ್, ತೆಲುಗಿಗೆ ಅಕ್ಕಿನೇನಿ ನಾಗೇಶ್ವರರಾವ್, ನಾಯಕಿ ಒಬ್ಬರೇ. ಇವು ಎರಡೆರಡು ಸಾಲು, ಎಣಿಕೆಯಲ್ಲೂ ಎರಡು. ನಟಿ ಎರಡು ಸಲ ದುಡಿದಿದ್ದಾರೆ.

ಮರುಚಿತ್ರ ಎಂದರೆ ರೀಮೇಕ್. ಇಲ್ಲಿ ಕೇಳಬೇಕಾದ ಪ್ರಶ್ನೆ, ಮೂಲದಲ್ಲೂ ಅವರೇ ಇದ್ದಾರೆಯೇ? ಭೀಮ್‌ಸಿಂಗ್ ಅವರ 1961ರ ‘ಪಾಲುಂ ಪಳಮುಂ’ ಕನ್ನಡದಲ್ಲಿ 1965ರ ‘ಬೆರೆತ ಜೀವ’ವಾಯಿತು, ಎರಡರಲ್ಲೂ ಸರೋಜಾದೇವಿ. ಅದೇ ತಮಿಳು ಚಿತ್ರ ಹಿಂದಿಯಲ್ಲಿ ‘ಸಾಥಿ’ಯಾದಾಗ ನಾಯಕಿ ವೈಜಯಂತಿಮಾಲಾ. 1961ರ ಹಿಂದಿ ‘ಸಸುರಾಲ್’ನಲ್ಲಿ ರಾಜೇಂದ್ರ ಕುಮಾರ್ ಜೊತೆ ಸರೋಜಾದೇವಿ ಇದ್ದಾರೆ, ಅದರ ಮೂಲ ತೆಲುಗು ‘ಇಲ್ಲರಿಕಂ’ನಲ್ಲಿ ಇದ್ದದ್ದು ಜಮುನಾ. ‘ಮೂಲದಲ್ಲೂ ಅವರೇ ಇದ್ದಿರಬೇಕು’ ಎಂಬ ಊಹೆಯಿಂದ ಸೇರಿದ ಸಾಲುಗಳನ್ನು ಪತ್ತೆಹಚ್ಚುವುದು ಬಹಳ ಕಷ್ಟ, ಏಕೆಂದರೆ ಚಿತ್ರ ನಿಜವಾಗಿಯೂ ಇರುತ್ತದೆ, ನಟಿ ಮಾತ್ರ ಇರುವುದಿಲ್ಲ. ಎಸ್.ಎಸ್. ವಾಸನ್ ಅವರ ‘ಪೈಗಾಮ್’ ಮತ್ತು ‘ಇರುಂಬು ತಿರೈ’ ಇನ್ನೊಂದು ಬಗೆ. ಹಿಂದಿ 1959, ತಮಿಳು 1960. ಮದ್ರಾಸಿನ ಸ್ಟುಡಿಯೋ ಆದ್ದರಿಂದ ತಮಿಳೇ ಮೊದಲು ಎಂದು ಬರೆದುಬಿಡುವ ಆಸೆಯಾಗುತ್ತದೆ, ತಡೆದುಕೊಳ್ಳಿ.

ಮೂರನೆಯದು ಡಬ್ಬಿಂಗ್. ಇದಕ್ಕೆ ಪಟ್ಟಿಯಲ್ಲಿ ಸಾಲು ಕೊಡುತ್ತೇನೆ, ಎಣಿಕೆಯಲ್ಲಿ ಸೊನ್ನೆ. ಗುರುತಿಸುವ ಉಪಾಯ ಹಾಡಿನಲ್ಲಿದೆ: ಹತ್ತಿರದ ಶಾಟ್‌ನಲ್ಲಿ ‘ಪ’, ‘ಬ’, ‘ಮ’ ಬರುವ ಕಡೆ ತುಟಿ ಮುಚ್ಚುತ್ತದೆಯೇ ನೋಡಿ. ಮಾತಿನಲ್ಲಿ ಡಬ್ಬಿಂಗ್ ಬರಹಗಾರರು ಜಾಣತನದಿಂದ ಹೊಂದಿಸಿರುತ್ತಾರೆ, ದೀರ್ಘ ಸ್ವರದ ಹಾಡಿನಲ್ಲಿ ಅದು ನಡೆಯುವುದಿಲ್ಲ. ಚಿತ್ರದೊಳಗಿನ ಪತ್ರ, ಅಂಗಡಿ ಫಲಕ, ದಿನಪತ್ರಿಕೆ ಯಾವ ಲಿಪಿಯಲ್ಲಿವೆ ಎಂಬುದೂ ಬಾಯಿಬಿಡುತ್ತದೆ.

ಬಿಡುಗಡೆಯ ದಿನ ಹುಡುಕಲು ಹಳೆಯ ‘ಪ್ರಜಾವಾಣಿ’ಯ ಚಿತ್ರಮಂದಿರ ಜಾಹೀರಾತುಗಳಷ್ಟು ಒಳ್ಳೆಯದು ಇನ್ನಿಲ್ಲ. ಸಂಪುಟ ಕಟ್ಟಿದ ಪತ್ರಿಕೆಯನ್ನು ಬೆನ್ನು ಮುರಿಯುವಂತೆ ಅಗಲಿಸಬೇಡಿ. ಮೂರು ಫೋಟೋ ಸಾಕು: ಮೊದಲು ದಿನಾಂಕವಿರುವ ತಲೆಬರಹ, ಆಮೇಲೆ ಇಡೀ ಪುಟ, ಕೊನೆಗೆ ಜಾಹೀರಾತು. ತಲೆಬರಹದ ಫೋಟೋ ಬಿಟ್ಟರೆ ಮನೆಗೆ ಬಂದ ಮೇಲೆ ಆ ಜಾಹೀರಾತಿಗೆ ತಂದೆತಾಯಿ ಇರುವುದಿಲ್ಲ. ಮೊದಲ ದಿನದ ಸಂಚಿಕೆ ಇಲ್ಲದಿದ್ದರೆ ವಾರ ಎಣಿಸಿ ಹಿಂದಕ್ಕೆ ಹೋಗಬಹುದು. ‘5ನೇ ವಾರ’ ಎಂದು ಬುಧವಾರ ಅಚ್ಚಾಗಿದ್ದರೆ ಮೊದಲು ಆ ವಾರ ಶುರುವಾದ ಶುಕ್ರವಾರಕ್ಕೆ ಬನ್ನಿ, ಅಲ್ಲಿಂದ 28 ದಿನ ಕಳೆಯಿರಿ. ಸಿಕ್ಕ ದಿನಕ್ಕೆ ‘ಲೆಕ್ಕದಿಂದ’ ಎಂದು ಗುರುತು ಹಾಕಿ, ಏಕೆಂದರೆ ಹಬ್ಬದ ಬಿಡುಗಡೆ ಶುಕ್ರವಾರಕ್ಕೆ ಕಾಯುವುದಿಲ್ಲ. ‘ಎಂಗ ವೀಟ್ಟು ಪಿಳ್ಳೈ’ 1965ರ ಜನವರಿ 14ರ ಪೊಂಗಲ್‌ಗೆ ಬಂತು, ಅದು ಗುರುವಾರ. ಮರುವರ್ಷ ಅದೇ ತಾರೀಖಿಗೆ ‘ಅನ್ಬೇ ವಾ’, ಆಗ ಶುಕ್ರವಾರ. ‘ಹೊಸ ಕಾಪಿ’ ಎಂದಿದ್ದರೆ ಅದು ಮರುಬಿಡುಗಡೆ, ಬಿಟ್ಟು ಮುಂದೆ ಹೋಗಿ. ಮದ್ರಾಸಿನ ದಿನವನ್ನು ಬೆಂಗಳೂರಿನ ದಿನದ ಜಾಗದಲ್ಲಿ ಬರೆಯಬೇಡಿ. ಪ್ರಿಂಟುಗಳು ಕಡಿಮೆ ಇದ್ದ ಕಾಲ, ಊರಿಂದೂರಿಗೆ ವಾರಗಳೇ ಹಿಡಿಯುತ್ತಿದ್ದವು.

ಹಾಡಿನ ಪುಸ್ತಕಗಳು ಪಾತ್ರದ ಹೆಸರಿಗೆ ಒಳ್ಳೆಯವು, ವರ್ಷಕ್ಕೆ ಅಲ್ಲ. ಎಷ್ಟೋ ಪುಸ್ತಕಗಳಲ್ಲಿ ವರ್ಷ ಅಚ್ಚೇ ಆಗಿರುವುದಿಲ್ಲ. ಕಥಾಸಾರ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ’ ಎಂದು ನಿಲ್ಲುತ್ತದೆ, ಪುಸ್ತಕದಲ್ಲಿರುವ ಹಾಡು ಚಿತ್ರದಲ್ಲಿ ಇರಬೇಕೆಂದೂ ಇಲ್ಲ. ತಮಿಳಿನವು ಚೆನ್ನೈ ತರಮಣಿಯ ರೋಜಾ ಮುತ್ತಯ್ಯ ಸಂಶೋಧನಾ ಗ್ರಂಥಾಲಯದಲ್ಲಿವೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಪೋಸ್ಟರ್, ಸ್ಥಿರಚಿತ್ರಗಳೂ ಸಿಗುತ್ತವೆ.

ಉದ್ದದ ಕಾಲಂ ಬಗ್ಗೆ ಒಂದು ಮಾತು. ಸೆನ್ಸಾರ್ ಪತ್ರದಲ್ಲಿ ಉದ್ದ ಅಡಿ ಅಥವಾ ಮೀಟರಿನಲ್ಲಿರುತ್ತದೆ. 35 ಎಂ.ಎಂ. ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ, ಮೀಟರಿನಲ್ಲಿ 27.43. 15,000 ಅಡಿಯ ಚಿತ್ರ ಸುಮಾರು 167 ನಿಮಿಷ ಇರಬೇಕು. ನಿಮ್ಮ ಕೈಯಲ್ಲಿರುವ ವಿಡಿಯೋ 160 ನಿಮಿಷ ಇದ್ದರೆ ಕತ್ತರಿ ಬಿದ್ದಿದೆ ಎಂದು ಕೂಗುವ ಮೊದಲು ತಡೆಯಿರಿ: ಟಿ.ವಿ.ಗೆಂದು ಸೆಕೆಂಡಿಗೆ 24ರ ಬದಲು 25 ಫ್ರೇಮ್ ಓಡಿಸಿದ ಪ್ರತಿ ಶೇ. 4ರಷ್ಟು ಚಿಕ್ಕದಾಗುತ್ತದೆ, ಏನೂ ಕಳೆದುಹೋಗಿರುವುದಿಲ್ಲ. ದನಿ ಸ್ವಲ್ಪ ತೆಳುವಾಗಿ ಕೇಳಿದರೆ ಅದೇ ಕಾರಣ. 130 ನಿಮಿಷವಾದರೆ ಮಾತ್ರ ಚಿಂತಿಸಿ. ಅಂಥ ಪ್ರತಿಯಲ್ಲಿ ‘ಅವರಿಲ್ಲ’ ಎಂದು ತೀರ್ಮಾನಿಸಬಾರದು.

ದಿನಾಂಕದ ಕಾಲಂಗಳನ್ನು ಎಕ್ಸೆಲ್‌ನಲ್ಲಿ ಟೆಕ್ಸ್ಟ್ ಎಂದೇ ಇಡಿ, 1965-01-14 ಎಂಬ ಕ್ರಮದಲ್ಲಿ ಬರೆಯಿರಿ. 3-4-67 ಎಂದು ಬರೆದರೆ ಅದು ಏಪ್ರಿಲೋ ಮಾರ್ಚೋ ಕಂಪ್ಯೂಟರಿನ ಮರ್ಜಿಗೆ ಬಿಟ್ಟದ್ದು.

ಇಷ್ಟಾದ ಮೇಲೆ ಎಣಿಕೆ. ಮೊದಲು ಸಣ್ಣ ಎಣಿಕೆಯೊಂದನ್ನು ಪರೀಕ್ಷೆಗೆ ಇಡುತ್ತೇನೆ. ಎಂ.ಜಿ.ಆರ್. ಜೊತೆ 26 ಚಿತ್ರ ಎಂಬ ಮಾತಿದೆಯಲ್ಲ, ಅದನ್ನು ವರ್ಷವಾರು ಬಿಡಿಸಿದರೆ 1958ಕ್ಕೆ 1, 1961ಕ್ಕೆ 2, 1962 ಮತ್ತು 1963ಕ್ಕೆ ನಾಲ್ಕು ನಾಲ್ಕು, 1964ಕ್ಕೆ 5, 1965ಕ್ಕೆ 3, 1966ಕ್ಕೆ 6, 1967ಕ್ಕೆ ‘ಅರಸ ಕಟ್ಟಳೈ’ ಒಂದು. ಕೂಡಿದರೆ 26. ಸರಿ ಬಂತು. ನಿಮಗೆ 27 ಬಂದರೆ ‘ಕೊಡುತ್ತು ವೈತ್ತವಳ್’ ನುಸುಳಿದೆಯೇ ನೋಡಿ.

ಇದೇ ಹಾಳೆಯನ್ನು ಭಾಷೆವಾರು ಜೋಡಿಸಿದಾಗ ಬದುಕಿನ ತಿರುವೂ ಕಾಣುತ್ತದೆ. 1967ರಲ್ಲಿ ಮದುವೆ, ಅದೇ ವರ್ಷ ಎಂ.ಜಿ.ಆರ್. ಜೊತೆಗಿನ ಕೊನೆಯ ಚಿತ್ರ. ಅಲ್ಲಿಗೆ ನಿಂತುಹೋಯಿತು ಎಂದು ಎಂ.ಜಿ.ಆರ್. ಚಿತ್ರಗಳನ್ನು ಮಾತ್ರ ನೋಡಿದವರಿಗೆ ಅನ್ನಿಸಬಹುದು. ಕನ್ನಡದ ಕಾಲಂನಲ್ಲಿ 1969ಕ್ಕೆ ‘ಮಲ್ಲಮ್ಮನ ಪವಾಡ’, 1971ಕ್ಕೆ ‘ನ್ಯಾಯವೇ ದೇವರು’, 1974ಕ್ಕೆ ‘ಶ್ರೀ ಶ್ರೀನಿವಾಸ ಕಲ್ಯಾಣ’, 1977ಕ್ಕೆ ‘ಬಬ್ರುವಾಹನ’, ‘ಭಾಗ್ಯವಂತರು’. ನನ್ನ ಮಟ್ಟಿಗೆ 1961ರ ‘ಕಿತ್ತೂರು ಚೆನ್ನಮ್ಮ’ಗಿಂತ ‘ಮಲ್ಲಮ್ಮನ ಪವಾಡ’ದಲ್ಲಿ ಅವರ ಅಭಿನಯ ಹದವಾಗಿದೆ, ಆದರೆ ಅದಕ್ಕೆ ಹಾಳೆಯಲ್ಲಿ ಕಾಲಂ ಇಲ್ಲ.

ಪ್ರಶಸ್ತಿಗಳನ್ನು ಬೇರೆ ಹಾಳೆಯಲ್ಲಿ ಇಡಿ: ಪದ್ಮಶ್ರೀ 1969, ಪದ್ಮಭೂಷಣ 1992. ಚಿತ್ರದ ರಾಷ್ಟ್ರಪ್ರಶಸ್ತಿಗೆ ಎರಡು ವರ್ಷ ಬರೆಯಬೇಕು, ಯಾವ ವರ್ಷದ ಚಿತ್ರಕ್ಕೆ, ಯಾವ ವರ್ಷ ಕೊಟ್ಟರು ಎಂದು. ‘ಕಿತ್ತೂರು ಚೆನ್ನಮ್ಮ’ 1961ರ ಚಿತ್ರ, ಪ್ರಶಸ್ತಿ ಪ್ರದಾನ 1962ರಲ್ಲಿ. ಇದನ್ನು ಬೆರೆಸಿದವರು ಚಿತ್ರವನ್ನೇ 1962ಕ್ಕೆ ತಳ್ಳಿಬಿಡುತ್ತಾರೆ.

ಪಟ್ಟಿಯ ಕೊನೆಯ ಸಾಲು 2019ರ ‘ನಟಸಾರ್ವಭೌಮ’, ದರ್ಜೆ: ಅತಿಥಿ. ಬದುಕಿನ ಹಾಳೆಯಲ್ಲಿ ಮೊದಲ ದಿನ 1938ರ ಜನವರಿ 7, ಬೆಂಗಳೂರು. ಕೊನೆಯ ದಿನ ಬರೆಯುವಾಗ ಪತ್ರಿಕೆಯ ತಾರೀಖನ್ನೇ ಇಳಿಸಿಕೊಳ್ಳಬೇಡಿ. ‘ಸೋಮವಾರ ನಿಧನರಾದರು’ ಎಂಬ ಸುದ್ದಿ ಮಂಗಳವಾರದ ಸಂಚಿಕೆಯದು. ಆ ಸೋಮವಾರ 2025ರ ಜುಲೈ 14, ಸ್ಥಳ ಮಲ್ಲೇಶ್ವರದ ಮನೆ. ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ ಅಂತ್ಯಕ್ರಿಯೆ ನಡೆದದ್ದು ಮರುದಿನ, 15ರಂದು. ಊರಿನ ಕಾಲಂನಲ್ಲಿ ಎರಡಕ್ಕೂ ಎರಡು ಸಾಲು.