ಮೊದಲು ಬಾಗಿಲು ದಾಟಿ, ಓಟ ಆಮೇಲೆ

ನಾಳೆಯಿಂದ ದಿನಾ ಓಡಬೇಕು ಎಂದು ತೀರ್ಮಾನಿಸಿದವರು ಮೊದಲ ದಿನ ಏನು ಮಾಡುತ್ತಾರೆ ಗೊತ್ತಲ್ವಾ? ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎನ್ನುವ ಹಾಗೆ ಓಡಿ, ಮುನ್ನೂರು ಮೀಟರ್ ಆಗುವಷ್ಟರಲ್ಲಿ ಏದುಸಿರು ಬಿಡುತ್ತಾ ಸೊಂಟದ ಮೇಲೆ ಕೈಯಿಟ್ಟು ನಿಂತು, ಇದು ನಮ್ಮಂಥವರಿಗೆ ಆಗಿ ಬರುವುದಲ್ಲ ಎಂದು ಮನೆಗೆ ವಾಪಸ್. ನಾನೂ ಹಾಗೇ ಮಾಡಿದೆ. ಅದೂ ಎರಡು ಸಲ. ಮೂರನೇ ಸಲ ಓಟದ ಯೋಚನೆ ಬಿಟ್ಟು ಬರೀ ಬಾಗಿಲು ದಾಟುವ ಯೋಚನೆ ಮಾಡಿದೆ, ಅಭ್ಯಾಸ ಕೈ ಹತ್ತಿತು.

ಮೊದಲೇ ಹೇಳಿಬಿಡುತ್ತೇನೆ. ಹೊಸಬರು ವಾರದ ಏಳೂ ದಿನ ಓಡಬಾರದು. ವಾರಕ್ಕೆ ಮೂರು ದಿನ ಓಡಿ, ನಡುವೆ ಒಂದೊಂದು ದಿನ ಬಿಟ್ಟು. ಮಿಕ್ಕ ನಾಲ್ಕು ದಿನ ಅದೇ ಹೊತ್ತಿಗೆ, ಅದೇ ಶೂ ಹಾಕಿಕೊಂಡು, ಅದೇ ದಾರಿಯಲ್ಲಿ ನಡೆದು ಬನ್ನಿ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಎಲುಬಿಗೂ, ಮಾಂಸಖಂಡವನ್ನು ಎಲುಬಿಗೆ ಕಟ್ಟುವ ನಾರುಗಳಿಗೂ ತಿಂಗಳುಗಳೇ ಬೇಕು. ಅದಕ್ಕೇ ಉಸಿರು 'ಇನ್ನೂ ಓಡು' ಎನ್ನುವಾಗ ಕಾಲು ಒಳಗೊಳಗೇ ಸೋತಿರುತ್ತದೆ. ದಿನಾ ಹೊರಗೆ ಹೋಗುವುದು ಅಭ್ಯಾಸಕ್ಕೆ, ಮೂರೇ ದಿನ ಓಡುವುದು ಕಾಲಿಗೆ.

ಓಡುವ ದಿನ ಹೇಗೆ ಓಡಬೇಕು? ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬಾತ ಹೊಸಬರಿಗಾಗಿಯೇ ಮಾಡಿದ 'ಕೌಚ್ ಟು 5ಕೆ' (ಸೋಫಾದಿಂದ ಎದ್ದು 5 ಕಿಲೋಮೀಟರ್ ಓಟದವರೆಗೆ) ಎಂಬ 9 ವಾರದ ಕ್ರಮ ಇವತ್ತಿಗೂ ಚೆನ್ನಾಗಿಯೇ ನಡೆಯುತ್ತಿದೆ. ಮೊದಲ ವಾರ ಇಷ್ಟೇ: 5 ನಿಮಿಷ ಬಿರುಸಾಗಿ ನಡೆಯಿರಿ. ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೇ 20 ನಿಮಿಷ. ಲೆಕ್ಕ ಹಾಕಿದರೆ ನಿಜವಾಗಿ ಓಡುವುದು 8 ನಿಮಿಷ ಮಾತ್ರ. ವಾರ ಕಳೆದ ಹಾಗೆ ಓಟ ಉದ್ದವಾಗುತ್ತದೆ, ನಡಿಗೆ ಕಡಿಮೆಯಾಗುತ್ತದೆ. ಯಾವುದಾದರೂ ವಾರ ಭಾರ ಎನಿಸಿದರೆ ಅದೇ ವಾರವನ್ನು ಇನ್ನೊಂದು ಸಲ ಮಾಡಿ. ನನಗೆ 9 ವಾರದ್ದು 13 ವಾರ ಹಿಡಿಯಿತು, ಅದಕ್ಕೇನಂತೆ.

ಇನ್ನು ವೇಗ. ಹೊಸಬರು ಕೆಡುವುದೇ ಇಲ್ಲಿ. ಓಡುತ್ತಾ ಒಂದು ಪೂರ್ತಿ ವಾಕ್ಯ ಜೋರಾಗಿ ಹೇಳಿ ನೋಡಿ. ನಡುವೆ ಎರಡು ಸಲ ಉಸಿರೆಳೆಯಬೇಕಾಗಿ ಬಂದರೆ ನೀವು ಜಾಸ್ತಿ ವೇಗದಲ್ಲಿದ್ದೀರಿ ಎಂದೇ ಅರ್ಥ, ಇಳಿಸಿ. ಇನ್ನೂ ಇಳಿಸಿ. ಪಕ್ಕದಲ್ಲಿ ವಾಕಿಂಗ್ ಮಾಡುತ್ತಿರುವ ಅಜ್ಜ ಆರಾಮಾಗಿ ನಿಮ್ಮನ್ನು ದಾಟಿಕೊಂಡು ಹೋಗಬಹುದು. ಹೋಗಲಿ ಬಿಡಿ. ಹೆಜ್ಜೆ ಚಿಕ್ಕದಿರಲಿ, ಪಾದ ಮುಂದೆಲ್ಲೋ ಚಾಚಿ ಬೀಳದೆ ಮೈಯ ಕೆಳಗೇ ಬೀಳಲಿ. ಮುಷ್ಟಿ ಬಿಗಿಯಬೇಡಿ, ಮುಷ್ಟಿ ಬಿಗಿದರೆ ಹೆಗಲೂ ಬಿಗಿಯುತ್ತದೆ.

ಅಭ್ಯಾಸ ಶುರುವಾಗುವುದು ಹಿಂದಿನ ರಾತ್ರಿ. ನಾನು ಮಾಡುವುದು ಹೀಗೆ. ಶೂಗಳನ್ನು ಬಾಗಿಲ ಪಕ್ಕ ಇಡುತ್ತೇನೆ, ಲೇಸು ಪೂರ್ತಿ ಸಡಿಲಿಸಿ, ಲೇಸಿನ ಕೆಳಗಿನ ನಾಲಿಗೆ ಮುಂದಕ್ಕೆಳೆದು, ಕಣ್ಣು ಅರ್ಧ ಮುಚ್ಚಿದ್ದರೂ ಕಾಲು ತೂರುವಷ್ಟು ಬಾಯಿ ಅಗಲ ಮಾಡಿ. ಒಳಗೆ ಒಂದೊಂದು ಕಾಲುಚೀಲ. ಬಟ್ಟೆ ಕುರ್ಚಿಯ ಮೇಲೆ. ಅಲಾರಂ ಇಟ್ಟ ಫೋನ್ ಬೇರೆ ರೂಮಿನಲ್ಲಿ. ಎದ್ದ ಮೇಲೆ 'ಹೋಗಲೋ ಬೇಡವೋ' ಎಂಬ ಪ್ರಶ್ನೆ ಹುಟ್ಟಲು ಸಮಯವೇ ಸಿಗಬಾರದು. ಆ ಪ್ರಶ್ನೆ ಹುಟ್ಟಿದರೆ ಉತ್ತರ ಯಾವಾಗಲೂ ಹಾಸಿಗೆಯ ಪರವೇ. ಬೆಳಗ್ಗೆಯೇ ಆಗಬೇಕೆಂದೇನೂ ಇಲ್ಲ, ಸಂಜೆ ಕೆಲಸ ಮುಗಿಸಿ ಬಂದವರು ಕೂರುವ ಮೊದಲೇ ಶೂ ಹಾಕಿಕೊಳ್ಳಿ. ಕೂತರೆ ಮುಗಿಯಿತು.

ಮನಸ್ಸೇ ಇಲ್ಲದ ದಿನ ಬರುತ್ತದೆ, ಬಂದೇ ಬರುತ್ತದೆ. ಅವತ್ತು ಬೀದಿಯ ತುದಿಯವರೆಗೆ ಹೋಗಿ ವಾಪಸ್ ಬನ್ನಿ. ಐದು ನಿಮಿಷವಾದರೂ ಲೆಕ್ಕಕ್ಕೆ ಸೇರುತ್ತದೆ. ಇನ್ನು ಆ 21 ದಿನದ ಮಾತು ಕೇಳಿರುತ್ತೀರಿ, 21 ದಿನ ಮಾಡಿದರೆ ಏನು ಬೇಕಾದರೂ ಅಭ್ಯಾಸವಾಗುತ್ತದೆ ಅಂತ. ಅದನ್ನು ನಂಬಿ 22ನೇ ದಿನ ನಿರಾಶರಾಗಬೇಡಿ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 96 ಜನರನ್ನು ಇಟ್ಟುಕೊಂಡು ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಕೆಲಸವೊಂದು ತಾನಾಗಿಯೇ ನಡೆಯುವಂತಾಗಲು ಸರಾಸರಿ 66 ದಿನ ಎಂದು ಕಂಡುಬಂತು. ಒಬ್ಬೊಬ್ಬರಿಗೆ ಒಂದೊಂದು ಥರ, 18 ದಿನದಿಂದ 254 ದಿನದವರೆಗೆ. ನೀರು ಕುಡಿಯುವಂಥ ಸುಲಭದ ಅಭ್ಯಾಸ ಬೇಗ ಬಂತು, ವ್ಯಾಯಾಮ ನಿಧಾನ. ನಮಗೆ ಬೇಕಾದ ವಿಷಯ ಇನ್ನೊಂದಿದೆ: ಅಪರೂಪಕ್ಕೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಅಂಥ ಧಕ್ಕೆ ಆಗಲಿಲ್ಲ. ಹಾಗಾಗಿ ಒಂದು ದಿನ ತಪ್ಪಿತೆಂದು ಗೋಳಾಡಬೇಡಿ. ಸತತ ಎರಡು ದಿನ ತಪ್ಪಿಸಬೇಡಿ, ಅಷ್ಟೇ. ಗೋಡೆಯ ಕ್ಯಾಲೆಂಡರಿನಲ್ಲಿ ಎಷ್ಟು ನಿಮಿಷ ಹೊರಗಿದ್ದಿರಿ ಎಂದು ಬರೆಯಿರಿ. ಕಿಲೋಮೀಟರ್ ಬರೆಯಬೇಡಿ, ಬರೆದರೆ ನಿನ್ನೆಗಿಂತ ಜಾಸ್ತಿ ಓಡುವ ಚಪಲ ಸುಮ್ನೆ ಬಿಡುವುದಿಲ್ಲ.

ಆ ಚಪಲ ನನಗೆ ಮೂರನೇ ವಾರ ಹತ್ತಿತು. ಮೈ ಹಗುರ, ಉಸಿರು ಸಲೀಸು, ಆರಂಭ ಶೂರತ್ವಕ್ಕೆ ಇಷ್ಟು ಸಾಕಲ್ವಾ. ನಿಲ್ಲದೆ ಐದು ಕಿಲೋಮೀಟರ್ ಓಡಿ ಎಲ್ಲರಿಗೂ ಹೇಳಿಕೊಂಡು ಬಂದೆ. ಮರುದಿನ ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಒಳಬದಿಯಲ್ಲಿ ಬೆರಳಿಟ್ಟರೆ ಜೀವ ಹೋಗುವಷ್ಟು ನೋವು. ಶಿನ್ ಸ್ಪ್ಲಿಂಟ್ಸ್ ಎನ್ನುತ್ತಾರೆ, ಹೊಸಬರಿಗೆ ತುಂಬಾ ಮಾಮೂಲು. ಸರಿಹೋಗುತ್ತದೆ ಎಂದು ಇನ್ನೂ ನಾಲ್ಕು ದಿನ ಓಡಿದ್ದು ಎರಡನೇ ತಪ್ಪು. ಮೂರು ವಾರ ಓಟ ಬಂದ್.

ಅದರಿಂದ ಕಲಿತದ್ದು, ಮೈಕೈ ನೋವಿಗೂ ಪೆಟ್ಟಿಗೂ ವ್ಯತ್ಯಾಸ ತಿಳಿದಿರಬೇಕು. ಎರಡೂ ತೊಡೆ, ಎರಡೂ ಮೀನಖಂಡ ಹಿಡಿದುಕೊಂಡ ಹಾಗಿದ್ದು, ಓಡಿದ ಒಂದೆರಡು ದಿನದ ನಂತರ ಜಾಸ್ತಿಯಾಗಿ, ನಡೆದಾಡಿದರೆ ಸಡಿಲವಾಗುವಂಥದ್ದು ಬರೀ ಮೈಕೈ ನೋವು. ಅದಕ್ಕೆ ಹೆದರಬೇಡಿ. ಒಂದೇ ಕಾಲಿನ ಒಂದೇ ಜಾಗ, ಬೆರಳಿನಿಂದ ತೋರಿಸಬಹುದು, ಓಡಿದಷ್ಟೂ ಏರುತ್ತದೆ ಎಂದರೆ ಅವತ್ತೇ ನಿಲ್ಲಿಸಿ. ಎದೆನೋವು, ತಲೆಸುತ್ತು ಬಂದರಂತೂ ತಕ್ಷಣ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಮೊದಲೇ ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವವರು ಶುರು ಮಾಡುವ ಮುನ್ನವೇ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಓಡುವಾಗ ಹೊಟ್ಟೆಯ ಪಕ್ಕದಲ್ಲಿ ಚುಚ್ಚುವುದು ಬೇರೆ ವಿಷಯ, ಸ್ವಲ್ಪ ನಡೆದು ಉಸಿರನ್ನು ನಿಧಾನವಾಗಿ ಪೂರ್ತಿ ಹೊರಗೆ ಬಿಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಹೊಟ್ಟೆ ತುಂಬಾ ತಿಂದ ಕೂಡಲೇ ಓಡದಿದ್ದರೆ ಬರುವುದೂ ಕಡಿಮೆ.

ಖರ್ಚು ಮಾಡಲೇಬೇಕಾದದ್ದು ಶೂಗೆ ಮಾತ್ರ. ಓಟದ ಶೂಗಳನ್ನೇ ಕೊಳ್ಳಿ, ಸಂಜೆ ಹೋಗಿ ಹಾಕಿ ನೋಡಿ. ದಿನವಿಡೀ ಓಡಾಡಿ ಪಾದ ಕೊಂಚ ಊದಿರುತ್ತದೆ, ಸರಿಯಾದ ಅಳತೆ ಆಗ ಸಿಗುತ್ತದೆ. ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು. ವಾಚು, ಆ್ಯಪು, ಬಣ್ಣಬಣ್ಣದ ಬಟ್ಟೆ ಇವೆಲ್ಲ ಆಮೇಲೂ ಬರಬಹುದು.

ನಿಲ್ಲದೆ 30 ನಿಮಿಷ ಓಡುವುದು ಸಲೀಸಾದ ಮೇಲೆ ನಡಿಗೆಯ ದಿನಗಳಲ್ಲಿ ಒಂದನ್ನು ಓಟಕ್ಕೆ ಬದಲಾಯಿಸಿ, 15 ನಿಮಿಷದ ಸಣ್ಣ ಓಟ ಸಾಕು. ಮೂರ್ನಾಲ್ಕು ವಾರ ನೋಡಿ. ಕಾಲು ತಕರಾರು ಮಾಡದಿದ್ದರೆ ಇನ್ನೊಂದು ದಿನ. ದಿನವನ್ನೂ ದೂರವನ್ನೂ ಒಟ್ಟಿಗೆ ಹೆಚ್ಚಿಸಬೇಡಿ. ನಾನು ಈಗಲೂ ಭಾನುವಾರ ಓಡುವುದಿಲ್ಲ, ಶೂ ಹಾಕಿಕೊಂಡು ಅದೇ ದಾರಿಯಲ್ಲಿ ನಡೆದು ಬರುತ್ತೇನೆ. ಅಜ್ಜ ಈಗಲೂ ದಾಟಿಕೊಂಡು ಹೋಗುತ್ತಾರೆ.