ಮಗುವಿನ ಮೊದಲ ನಾಟಕ: ಕಥೆಗಿಂತ ಮುಂಚೆ ಕತ್ತಲೆಯ ಪರಿಚಯ

ನಾಟಕದ ನಡುವೆ ಮಗು ಅತ್ತರೆ ದೊಡ್ಡವರು ಕಥೆಯನ್ನು ದೂರುತ್ತಾರೆ. ರಾಕ್ಷಸ ಬಂದ, ಮಗು ಹೆದರಿತು ಎನ್ನುತ್ತಾರೆ. ಅಳು ಶುರುವಾದ ಹೊತ್ತನ್ನು ಗಮನಿಸುತ್ತ ಬಂದರೆ ಬೇರೆಯದೇ ಕಾಣುತ್ತದೆ. ಬಹಳ ಸಲ ರಾಕ್ಷಸ ಇನ್ನೂ ಬಂದೇ ಇರುವುದಿಲ್ಲ. ದೀಪಗಳು ಆರಿದಾಗ, ಸ್ಪೀಕರಿನಿಂದ ಮೊದಲ ಸದ್ದು ಬಂದಾಗ, ಇಲ್ಲವೇ ಸುತ್ತಲಿನ ಇನ್ನೂರು ಜನ ಒಮ್ಮೆಲೇ ಚಪ್ಪಾಳೆ ತಟ್ಟಿದಾಗ ಅಳು ಬರುತ್ತದೆ. ಮಗುವಿಗೆ ಹೊಸದಾಗಿರುವುದು ಸಭಾಂಗಣ, ಕಥೆಯಲ್ಲ. ಅದಕ್ಕೇ 3ರಿಂದ 7 ವರ್ಷದ ಮಕ್ಕಳನ್ನು ಕರೆದೊಯ್ಯುವಾಗ ನನ್ನ ತಯಾರಿಯಲ್ಲಿ ಮುಕ್ಕಾಲು ಪಾಲು ಸಭಾಂಗಣಕ್ಕೆ, ಕಾಲು ಪಾಲು ಕಥೆಗೆ.

ನಾಟಕ ಆರಿಸುವಾಗ ಮೊದಲು ನೋಡುವುದು ಅವಧಿಯನ್ನು. 3 ವರ್ಷದೊಳಗಿನವರಿಗೆ 30 ನಿಮಿಷ, 3ರಿಂದ 5ರವರಿಗೆ 45 ನಿಮಿಷ, 6–7ರವರಿಗೆ ಒಂದು ಗಂಟೆ. ಇದು ನಾನು ಇಟ್ಟುಕೊಂಡಿರುವ ಮಿತಿ. ಎಷ್ಟೇ ಹೆಸರು ಮಾಡಿದ ನಾಟಕವಾದರೂ ಈ ಮಿತಿ ದಾಟುವುದಿಲ್ಲ. ಪ್ರಕಟಣೆಯಲ್ಲಿ ಕೊಡುವ ಅವಧಿಯಲ್ಲಿ ಕಾಯುವ ಹೊತ್ತು, ಸ್ವಾಗತದ ಮಾತು, ತಡವಾಗಿ ಶುರುವಾಗುವುದು ಯಾವುದೂ ಸೇರಿರುವುದಿಲ್ಲ. ಮಗುವಿನ ತಾಳ್ಮೆ ಮಾತ್ರ ಕುರ್ಚಿಯಲ್ಲಿ ಕೂತ ಕ್ಷಣದಿಂದಲೇ ಖರ್ಚಾಗತೊಡಗುತ್ತದೆ. ಹಾಗಾಗಿ ಹೇಳಿದ ಅವಧಿಗೆ 15–20 ನಿಮಿಷ ಸೇರಿಸಿಯೇ ಲೆಕ್ಕ ಹಾಕುತ್ತೇನೆ. 6 ತುಂಬುವವರೆಗೆ ಮಧ್ಯಂತರ ಇಲ್ಲದ ನಾಟಕವೇ ಒಳ್ಳೆಯದು. ವಿರಾಮದಲ್ಲಿ ಹೊರಗೆ ಬಂದು ಓಡಾಡಿದ ಮಗು ಕಥೆಯಿಂದಲೂ ಹೊರಗೆ ಬಂದಿರುತ್ತದೆ, ಮತ್ತೆ ಕತ್ತಲೆಗೆ ಹೋಗಿ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

‘ಮಕ್ಕಳ ನಾಟಕ’ ಎಂಬ ಮಾತಿಗೆ ಎರಡು ಅರ್ಥವಿದೆ: ಮಕ್ಕಳಿಗಾಗಿ ಆಡುವ ನಾಟಕ, ಮಕ್ಕಳೇ ಆಡುವ ನಾಟಕ. ಎರಡನೆಯದರಲ್ಲಿ ಪಾತ್ರ ಹೆಚ್ಚು, ದೃಶ್ಯ ಬದಲಾವಣೆ ನಿಧಾನ, ಪುಟ್ಟ ನಟರ ದನಿ ಹಿಂದಿನ ಸಾಲಿಗೆ ಮುಟ್ಟುವುದೇ ಕಷ್ಟ. ನೋಡುವ ಖುಷಿ ಬೇರೆಯೇ ಇದ್ದರೂ ಮೊದಲ ನಾಟಕಕ್ಕೆ ಅದು ಬೇಡ. ಟಿಕೆಟ್ ಕೊಳ್ಳುವ ಮುಂಚೆ ತಂಡಕ್ಕೆ ಫೋನ್ ಮಾಡಿ ಯಾವುದೆಂದು ಕೇಳಿಕೊಳ್ಳಬೇಕು.

ಅದೇ ಫೋನಿನಲ್ಲಿ ಇನ್ನಷ್ಟು ಕೇಳುತ್ತೇನೆ. ಪೂರ್ತಿ ಕತ್ತಲೆ ಮಾಡುತ್ತೀರಾ, ಎಷ್ಟು ಸಲ? ಗುಂಡಿನ ಸದ್ದು, ಗುಡುಗು, ಪಟಾಕಿಯಂಥ ಹಠಾತ್ ಸದ್ದು ಇದೆಯಾ? ನಟರು ಪ್ರೇಕ್ಷಕರ ನಡುವೆ ಇಳಿದು ಬರುತ್ತಾರಾ? ಮುಖವಾಡ ಇದೆಯಾ? ಮಧ್ಯೆ ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತೀರಾ? ಹೊಗೆ ಮತ್ತು ಮಿಣುಕು ಬೆಳಕಿನ ಬಗ್ಗೆ ಕೇಳಲೇಬೇಕು. ಸೆಕೆಂಡಿಗೆ ಸುಮಾರು 3ರಿಂದ 30 ಸಲ ಮಿನುಗುವ ಬೆಳಕು, ಬೆಳಕಿಗೆ ಸೂಕ್ಷ್ಮವಾಗಿರುವ ಅಪಸ್ಮಾರ ಇದ್ದವರಲ್ಲಿ ಫಿಟ್ಸ್ ತರಬಲ್ಲದು. ರಂಗದ ಹೊಗೆ ಸಾಮಾನ್ಯವಾಗಿ ಗ್ಲೈಕಾಲ್ ಮತ್ತು ನೀರಿನ ಮಿಶ್ರಣದ್ದು. ಉಬ್ಬಸ ಇರುವ ಮಗುವಿಗೆ ಅದರಿಂದ ಕೆಮ್ಮು ಬರಬಹುದು. ಅಂಥ ಮಗುವನ್ನು ಮುಂದಿನ ಸಾಲುಗಳಲ್ಲಿ ಕೂರಿಸಬಾರದು, ಇನ್‌ಹೇಲರ್ ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು. ಕೆಲವು ತಂಡಗಳು ‘ರಿಲ್ಯಾಕ್ಸ್ಡ್’ ಪ್ರದರ್ಶನ ಎಂದೇ ಇಟ್ಟಿರುತ್ತವೆ. ಅದರಲ್ಲಿ ಸಭಾಂಗಣದ ದೀಪ ಪೂರ್ತಿ ಆರಿಸುವುದಿಲ್ಲ, ಸದ್ದು ತಗ್ಗಿಸಿರುತ್ತಾರೆ, ಎದ್ದು ಓಡಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಅದು ಸಿಕ್ಕರೆ ಬೇರೆ ಹುಡುಕುವ ಅಗತ್ಯವೇ ಇಲ್ಲ.

ಇನ್ನು ಸೀಟು. ಮೊದಲ ಸಾಲು ಸಿಕ್ಕಿದರೆ ಅದೃಷ್ಟ ಎಂದುಕೊಳ್ಳುವವರು ಬಹಳ. ಕುರ್ಚಿಯಲ್ಲಿ ಕೂತ 4 ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು 3 ಅಡಿ ಎತ್ತರದಲ್ಲಿರುತ್ತದೆ. ಎಷ್ಟೋ ರಂಗಮಂದಿರಗಳಲ್ಲಿ ವೇದಿಕೆಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಮೊದಲ ಸಾಲಿನ ಮಗುವಿಗೆ ಕಾಣುವುದು ವೇದಿಕೆಯ ಅಂಚು ಮತ್ತು ಕತ್ತೆತ್ತಿ ನೋಡಿದರೆ ಮಾತ್ರ ನಟರ ಮುಖ. ಮೇಲಾಗಿ ಸ್ಪೀಕರುಗಳು ಅಲ್ಲೇ ಎರಡೂ ಬದಿಯಲ್ಲಿರುತ್ತವೆ. ಇಳಿಜಾರಿನ ಸಭಾಂಗಣವಾದರೆ 4ರಿಂದ 8ನೇ ಸಾಲು, ನಡುವಿನ ಓಣಿಯ ಪಕ್ಕದ ಸೀಟು ನನ್ನ ಆಯ್ಕೆ. ಓಣಿಯ ಉದ್ದಕ್ಕೂ ನೋಟ ತೆರೆದಿರುತ್ತದೆ, ಎದ್ದು ಹೋಗಬೇಕಾದರೆ ಯಾರ ಮೊಣಕಾಲನ್ನೂ ದಾಟಬೇಕಾಗಿಲ್ಲ. ನಟರು ಓಣಿಯಲ್ಲಿ ನಡೆದು ಬರುವ ನಾಟಕವಾದರೆ ಓಣಿ ಬದಿಗೆ ದೊಡ್ಡವರು ಕೂತು ಮಗುವನ್ನು ಒಳಗಿನ ಸೀಟಿಗೆ ಸರಿಸಬೇಕು. ನೆಲ ಸಮತಟ್ಟಾಗಿದ್ದರೆ ಲೆಕ್ಕ ಬೇರೆ: ಮುಂದೆ ಕೂತ ದೊಡ್ಡವರ ತಲೆ ಮಗುವಿನ ಕಣ್ಣಿಗಿಂತ ಒಂದಡಿಗೂ ಹೆಚ್ಚು ಮೇಲಿರುತ್ತದೆ, 4 ಇಂಚಿನ ದಿಂಬು ಇಟ್ಟರೂ ಅದನ್ನು ದಾಟುವುದಿಲ್ಲ. ಆಗ ಎರಡನೇ ಅಥವಾ ಮೂರನೇ ಸಾಲಿನ ಓಣಿ ಬದಿಯೇ ಸರಿ. ಬಾಲ್ಕನಿಯ ಮೊದಲ ಸಾಲು ಬೇಡವೇ ಬೇಡ. ಕಂಬಿ ಮಗುವಿನ ಕಣ್ಣಿನ ಮಟ್ಟಕ್ಕೇ ಬರುತ್ತದೆ, ಅದರ ಮೇಲಿಂದ ಬಗ್ಗಿ ನೋಡುವುದು ಅಪಾಯ.

ಯಾರೂ ಮೊದಲೇ ಹೇಳದ ಒಂದು ತೊಂದರೆ ಮಡಚುವ ಕುರ್ಚಿ. ಹಗುರವಾದ ಮಗು ಹಿಂದಕ್ಕೆ ಸರಿದು ಕೂತರೆ ಸೀಟು ತಾನಾಗಿ ಮೇಲಕ್ಕೆ ಮಡಚಿಕೊಂಡು ಕಾಲು ಎದೆಗೆ ಬರುತ್ತದೆ, ಸಂದಿಯಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. ಕತ್ತಲೆಯಲ್ಲಿ ಇದಾದರೆ ಅಂದಿನ ನಾಟಕ ಅಲ್ಲಿಗೇ ಮುಗಿಯಿತು. ಸೀಟಿನ ಮುಂದಿನ ಅಂಚಿನ ಮೇಲೆ ನನ್ನ ಕೈ ಇಟ್ಟಿರುತ್ತೇನೆ, ಇಲ್ಲವೇ ಮಗುವಿನ ಪಕ್ಕದಲ್ಲಿ ಅದೇ ಸೀಟಿನ ಮೇಲೆ ಭಾರದ ಚೀಲ ಇಡುತ್ತೇನೆ.

ಮನೆಯ ತಯಾರಿ ಮೂರು ದಿನ ಮುಂಚೆ ಶುರು. ಮೊದಲ ದಿನ ಕಥೆಯನ್ನು ಪೂರ್ತಿ ಹೇಳುತ್ತೇನೆ, ಕೊನೆಯನ್ನೂ ಸೇರಿಸಿ, ಹೆದರಿಕೆಯ ಭಾಗವನ್ನೂ ಬಿಡದೆ. ಕುತೂಹಲ ಹಾಳಾಗುತ್ತದೆ ಎಂಬ ಚಿಂತೆ ದೊಡ್ಡವರದು. ಒಂದೇ ಕಥೆಯನ್ನು ದಿನವೂ ಕೇಳುವ ವಯಸ್ಸಿನವರಿಗೆ ಮುಂದೇನಾಗುತ್ತದೆ ಎಂದು ಗೊತ್ತಿರುವುದೇ ಧೈರ್ಯ. “ಈಗ ನರಿ ಬರುತ್ತೆ ನೋಡು” ಎಂದು ಪಕ್ಕದವರಿಗೆ ಪಿಸುಗುಡುವ ಮಗು ಆ ನಾಟಕದ ಒಳಗೇ ಇರುತ್ತದೆ.

ಎರಡನೆಯ ದಿನ ಕತ್ತಲೆಯ ಆಟ. ಸಂಜೆ ಕೋಣೆಯ ದೀಪ ಆರಿಸಿ ಒಬ್ಬರ ಮೇಲೆ ಟಾರ್ಚ್ ಬಿಡುವುದು. ಬೆಳಕಿನಲ್ಲಿ ನಿಂತವರು ಹಾಡಬಹುದು, ಕುಣಿಯಬಹುದು. ಮೊದಲ ಸಲ 10 ಸೆಕೆಂಡ್, ಆಮೇಲೆ 30, ಆಮೇಲೆ ಒಂದು ನಿಮಿಷ. ಸ್ವಿಚ್ಚನ್ನು ಮಗುವಿನ ಕೈಯಲ್ಲೇ ಆರಿಸಿದರೆ ಕತ್ತಲೆ ತಾನು ಮಾಡಿದ್ದು ಎಂದಾಗುತ್ತದೆ, ಅರ್ಧ ಭಯ ಅಲ್ಲೇ ಇಳಿಯುತ್ತದೆ. ಆಟ ಮುಗಿದಾಗ ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಬೇಕು. ಆ ಸದ್ದಿನ ಅಭ್ಯಾಸವೂ ಇದರಲ್ಲೇ ಆಗಿಹೋಗುತ್ತದೆ.

ಮೂರನೆಯ ದಿನ ವೇಷ. ಇದನ್ನು ಬಿಡಬಾರದು ಅನ್ನುವುದಕ್ಕೆ ಗಟ್ಟಿ ಕಾರಣವಿದೆ. ಮನಶ್ಶಾಸ್ತ್ರಜ್ಞೆ ರೀಟಾ ಡಿವ್ರೀಸ್ 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳು ನೋಡಿ ಮುಟ್ಟಿದ್ದ ಪಳಗಿದ ಬೆಕ್ಕಿಗೆ ನಾಯಿಯ ಮುಖವಾಡ ಹಾಕಿ ತೋರಿಸಲಾಯಿತು. 3 ವರ್ಷದವರಲ್ಲಿ ಬಹಳಷ್ಟು ಮಕ್ಕಳು ಅದು ಈಗ ನಾಯಿಯೇ ಆಗಿದೆ ಎಂಬಂತೆ ನಡೆದುಕೊಂಡರು. 6ರ ಹೊತ್ತಿಗೆ ಹೆಚ್ಚಿನವರಿಗೆ ಒಳಗಿರುವುದು ಬೆಕ್ಕೇ ಎಂಬುದು ಸ್ಪಷ್ಟವಿತ್ತು. ಮೂರು ವರ್ಷದ ಮಗುವಿಗೆ “ಅದು ಬರೀ ಮುಖವಾಡ ಕಣೋ” ಎಂದರೆ ಸಮಾಧಾನ ಆಗದಿರುವುದು ಇದರಿಂದಲೇ. ಹೇಳುವುದಕ್ಕಿಂತ ತೋರಿಸಬೇಕು. ಮಗುವಿನ ಎದುರಿಗೇ ಶಾಲು ಹೊದ್ದು, ಟೋಪಿ ಹಾಕಿ, ದನಿ ಬದಲಿಸಿ ಮುದುಕನಾಗಬೇಕು. ಮತ್ತೆ ಅದರೆದುರಿಗೇ ಎಲ್ಲ ತೆಗೆದು ಮೊದಲಿನಂತಾಗಬೇಕು. ನಾಲ್ಕೈದು ಸಲ ಹೀಗೆ ಮಾಡಿ, ಆಮೇಲೆ ಶಾಲನ್ನು ಮಗುವಿಗೇ ಕೊಡಬೇಕು. ಮುಖವಾಡವನ್ನು ಮೊದಲು ಕೈಯಲ್ಲಿ ಹಿಡಿದು ಆಡಲಿ, ಮುಖಕ್ಕೆ ಇಟ್ಟುಕೊಳ್ಳುವುದು ಅದರ ಇಷ್ಟ. ಇಷ್ಟಾದರೂ 4 ತುಂಬದ ಮಗುವಿಗೆ ಇಡೀ ಮುಖ ಮುಚ್ಚುವ ಮುಖವಾಡದ ನಾಟಕವನ್ನು ನಾನು ಆರಿಸುವುದಿಲ್ಲ. ನಟರ ಕಣ್ಣು ಬಾಯಿ ಕಾಣುವ ಬಣ್ಣದ ಮುಖವಾದರೆ ಅಡ್ಡಿಯಿಲ್ಲ.

ಆ ದಿನ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬಾರದು. ಪ್ರದರ್ಶನ ಬೆಳಗ್ಗೆಯದೋ ಮಧ್ಯಾಹ್ನದ ನಿದ್ದೆ ಮುಗಿದ ನಂತರದ್ದೋ ಇರಲಿ. ಊಟ ಒಂದು ಗಂಟೆ ಮುಂಚೆ ಮುಗಿದಿರಬೇಕು. ಎಸಿಯ ಚಳಿಗೆ ಮೇಲೊಂದು ಅಂಗಿ, ಮುಚ್ಚಳವಿರುವ ನೀರಿನ ಬಾಟಲಿ, ಒಂದು ಜೊತೆ ಬದಲಿ ಬಟ್ಟೆ. ಹೆಜ್ಜೆ ಇಟ್ಟಾಗ ಮಿನುಗುವ, ಕೀಚು ಎನ್ನುವ ಬೂಟು ಮನೆಯಲ್ಲಿರಲಿ. ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವಾದರೆ ಮಕ್ಕಳ ಅಳತೆಯ ಇಯರ್ ಮಫ್ ತರಬೇಕು. ಸರಿಯಾಗಿ ಕೂತರೆ ಅದು ಸದ್ದನ್ನು ಸುಮಾರು 20–25 ಡೆಸಿಬೆಲ್ ತಗ್ಗಿಸುತ್ತದೆ, ಹತ್ತಿಯಿಂದ ಅಷ್ಟಾಗದು. ಕುತ್ತಿಗೆಗೆ ಹಾಕಿ ಬಿಟ್ಟರೆ ಬೇಕೆನಿಸಿದಾಗ ಮಗುವೇ ಏರಿಸಿಕೊಳ್ಳುತ್ತದೆ.

ಅರ್ಧ ಗಂಟೆ ಮುಂಚೆ ಅಲ್ಲಿರಬೇಕು, ಅದಕ್ಕಿಂತ ಬೇಗ ಬೇಡ. ಮೊದಲು ಶೌಚಾಲಯ. ಕೈ ಒಣಗಿಸುವ ಯಂತ್ರದ ಅಬ್ಬರಕ್ಕೆ ಬೆಚ್ಚಿದ ಮಗು ಆ ಭಯವನ್ನು ಸಭಾಂಗಣದ ಒಳಗೂ ಒಯ್ಯುತ್ತದೆ. ಕೈ ಒರೆಸಲು ಕರವಸ್ತ್ರ ಇಟ್ಟುಕೊಂಡರೆ ಅದರ ಹತ್ತಿರ ಹೋಗುವುದೇ ಬೇಡ. 15 ನಿಮಿಷ ಇರುವಾಗ ಒಳಗೆ ಹೋಗಿ, ದೀಪಗಳು ಉರಿಯುತ್ತಿರುವಾಗಲೇ ಒಂದು ಸುತ್ತು. ಬಾಗಿಲು ಎಲ್ಲಿದೆ, ಮೇಲೆ ದೀಪ ಎಲ್ಲಿ ತೂಗಿದೆ, ಸ್ಪೀಕರ್ ಯಾವುದು, ಪರದೆಯ ಹಿಂದೆ ಯಾರು ಇದ್ದಾರೆ. “ಹೋಗಬೇಕು ಅನ್ನಿಸಿದರೆ ನನ್ನ ಕೈ ಎರಡು ಸಲ ಒತ್ತು, ಆ ಬಾಗಿಲಿಂದ ಹೋಗೋಣ” ಎಂದು ಬಾಗಿಲು ತೋರಿಸಿ ಹೇಳಿರುತ್ತೇನೆ. ತಡವಾಗಿ ಬಂದರೆ ಇದೆಲ್ಲ ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಿಸಿಲಿನಿಂದ ನೇರ ಕತ್ತಲೆಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಬೇಕು. ಮೊದಲ ಕೆಲವು ನಿಮಿಷ ಮಗು ಮೆಟ್ಟಿಲನ್ನೂ ಸರಿಯಾಗಿ ಕಾಣದು, ಪಕ್ಕದವರ ಮುಖವನ್ನೂ ಕಾಣದು. ಮೊಬೈಲ್ ಕೊಟ್ಟು ಸುಮ್ಮನಾಗಿಸುವುದೂ ಅದೇ ಕಾರಣಕ್ಕೆ ತಪ್ಪು: ಪರದೆಯ ಬೆಳಕು ನೋಡಿದ ಕಣ್ಣು ಮತ್ತೆ ಕತ್ತಲೆಗೆ ಕುರುಡಾಗುತ್ತದೆ.

ನಾಟಕ ಶುರುವಾದ ಮೇಲೆ ನಾನು ನೋಡುವುದು ಮಗುವನ್ನು. ಮೊದಲ 10 ನಿಮಿಷವಂತೂ ವೇದಿಕೆಯ ಕಡೆ ಅರ್ಧ ಕಣ್ಣು ಸಾಕು. ಚಡಪಡಿಸುವ, ಕಾಲಾಡಿಸುವ, ಕುರ್ಚಿಯ ಮೇಲೆ ಮಂಡಿಯೂರುವ ಮಗು ಚೆನ್ನಾಗಿಯೇ ಇರುತ್ತದೆ. ಸೆಟೆದು ಕೂತು, ಮೊಣಕಾಲು ಮೇಲೆಳೆದುಕೊಂಡು, ಬಾಗಿಲಿನ ಕಡೆ ನೋಡುವ ಮಗುವಿನ ಬಗ್ಗೆ ಎಚ್ಚರ ಬೇಕು. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೂ ಅದು ಭಯವೇ. ಆಗ ಮೊದಲು ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಮುಖ ವೇದಿಕೆಯ ಕಡೆಗೇ ಇರಲಿ. ಅದೂ ಆಗದಿದ್ದರೆ ಹಿಂದೆ ಬಾಗಿಲ ಹತ್ತಿರ, ಸ್ವಲ್ಪ ಬೆಳಕಿರುವ ಕಡೆ, ಎತ್ತಿಕೊಂಡು ನಿಲ್ಲುವುದು. ದೂರದಿಂದ ಇಡೀ ವೇದಿಕೆ ಒಂದು ಚೌಕಟ್ಟಿನಲ್ಲಿ ಚಿಕ್ಕದಾಗಿ ಕಂಡಾಗ ಎಷ್ಟೋ ಮಕ್ಕಳು ಮತ್ತೆ ನೋಡತೊಡಗುತ್ತಾರೆ. ಅಲ್ಲಿಂದಲೇ ನಾಟಕ ಮುಗಿಸಿದರೂ ಅದು ಪೂರ್ತಿ ನಾಟಕವೇ. ಜೋರಾಗಿ ಅತ್ತರೆ ಯೋಚಿಸದೆ ಹೊರಗೆ ಬರಬೇಕು. “ಸ್ವಲ್ಪ ತಡಿ, ಈಗ ಮುಗಿಯುತ್ತೆ” ಎಂದು ಹಿಡಿದು ಕೂರಿಸಿದ ಮಗುವನ್ನು ಮುಂದಿನ ಸಲ ಒಪ್ಪಿಸುವುದು ಬಹಳ ಕಷ್ಟ.

ಮಾತಾಡಿದರೆ ‘ಶ್’ ಎನ್ನುವ ಮುಂಚೆ ಏನು ಮಾತು ಎಂದು ಕೇಳಿಸಿಕೊಳ್ಳಬೇಕು. “ಹಿಂದೆ ಹುಲಿ ಇದೆ!” ಎಂದು ನಟನಿಗೆ ಕೂಗಿದ ಮಗು ನಾಟಕಕ್ಕೆ ಅಡ್ಡಿ ಮಾಡುತ್ತಿಲ್ಲ, ಮಕ್ಕಳಿಗಾಗಿ ಆಡುವ ನಟರು ಆ ಕೂಗಿಗೇ ಕಾದಿರುತ್ತಾರೆ. ಪ್ರಶ್ನೆ ಕೇಳಿದರೆ ಕಿವಿಯಲ್ಲಿ ಮೂರೇ ಪದದ ಉತ್ತರ. “ಆಮೇಲೆ ಹೇಳ್ತೀನಿ” ಎಂದರೆ ಅದೇ ಪ್ರಶ್ನೆ ಇನ್ನೂ ಜೋರಾಗಿ ಬರುತ್ತದೆ.

ಗುಂಪಾಗಿ ಕರೆದೊಯ್ದರೆ 5ರೊಳಗಿನ ಇಬ್ಬರು ಮಕ್ಕಳಿಗೆ ಒಬ್ಬರು, 6–7ರ ನಾಲ್ವರಿಗೆ ಒಬ್ಬರು ದೊಡ್ಡವರು ಬೇಕು. ದೊಡ್ಡವರೆಲ್ಲ ಸಾಲಿನ ಒಂದೇ ತುದಿಯಲ್ಲಿ ಕೂತರೆ ನಡುವಿನ ಮಗು ಹೆದರಿದ್ದು ಯಾರಿಗೂ ಕಾಣುವುದಿಲ್ಲ. ಪ್ರತಿ ಚಿಕ್ಕ ಮಗುವಿನ ಒಂದು ಪಕ್ಕಕ್ಕಾದರೂ ದೊಡ್ಡವರು ಇರುವಂತೆ ಕೂರಿಸುತ್ತೇನೆ.

ಕೊನೆಯಲ್ಲಿ ನಟರೆಲ್ಲ ಸಾಲಾಗಿ ನಿಂತು ನಮಸ್ಕರಿಸುವವರೆಗೆ ಏಳಬಾರದು. ಜನಸಂದಣಿ ತಪ್ಪಿಸಲು ಬೇಗ ಎದ್ದರೆ ಮಗು ಬಹಳ ಮುಖ್ಯವಾದುದನ್ನು ಕಳೆದುಕೊಳ್ಳುತ್ತದೆ: ಸತ್ತವನು ಎದ್ದು ಬಂದು, ಕೊಂದವನ ಕೈ ಹಿಡಿದು ನಗುವುದನ್ನು. ಮುಖವಾಡ ತೆಗೆದು ನಿಲ್ಲುವುದೂ ಆಗಲೇ. ನಟರನ್ನು ಹತ್ತಿರದಿಂದ ನೋಡುವ ಅವಕಾಶವಿದ್ದರೆ ಮಗುವನ್ನೇ ಕೇಳಬೇಕು. ಬೇಡ ಎಂದರೆ ಫೋಟೋಗಾಗಿ ತಳ್ಳಬಾರದು.

ಹೊರಗೆ ಬಂದ ಕೂಡಲೇ “ಏನು ಅರ್ಥ ಆಯ್ತು, ನೀತಿ ಏನು” ಎಂದು ಕೇಳಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ನಾನು ಕೇಳುವುದಿಲ್ಲ, ನನಗೆ ಕಂಡದ್ದನ್ನು ಹೇಳುತ್ತೇನೆ: “ಆ ನೀಲಿ ಬಟ್ಟೆ ಅಲ್ಲಾಡಿದಾಗ ನಿಜವಾಗಿ ನದಿ ಥರ ಇತ್ತು.” ಸಾಮಾನ್ಯವಾಗಿ ಅಲ್ಲಿಂದ ಮಾತು ಶುರುವಾಗುತ್ತದೆ, ಕೆಲವು ಮಕ್ಕಳಲ್ಲಿ ಎರಡು ಮೂರು ದಿನ ಬಿಟ್ಟು ಶುರುವಾಗುತ್ತದೆ. ಮನೆಯಲ್ಲಿ ಒಂದು ಶಾಲು, ಒಂದು ಕೋಲು, ಒಂದು ಖಾಲಿ ರಟ್ಟಿನ ಪೆಟ್ಟಿಗೆ ಕೈಗೆ ಸಿಗುವಂತೆ ಇಟ್ಟರೆ ನೋಡಿದ ದೃಶ್ಯಗಳು ಒಂದೊಂದಾಗಿ ಆಟದಲ್ಲಿ ಬರುತ್ತವೆ. ಹೆದರಿಸಿದ ಪಾತ್ರವೇ ಮೊದಲು ಬರುವುದು ಹೆಚ್ಚು, ಮಗು ತಾನೇ ಆ ಪಾತ್ರವಾಗಿರುತ್ತದೆ. ರಾತ್ರಿ ಅದನ್ನೇ ನೆನೆದು ಅತ್ತರೆ ಮರುದಿನ ಆ ಪಾತ್ರದ ಚಿತ್ರ ಬರೆದು, ಪಕ್ಕದಲ್ಲಿ ಬಣ್ಣ ತೊಳೆದುಕೊಂಡ ನಟನ ಚಿತ್ರ ಬರೆಯುತ್ತೇವೆ.

ಎರಡನೆಯ ನಾಟಕಕ್ಕೆ ಒಂದೆರಡು ತಿಂಗಳ ಅಂತರ ಸಾಕು. ಅದೇ ನಾಟಕ ಮತ್ತೆ ಆಡುತ್ತಿದ್ದರೆ, ಮಗು ಕೇಳಿದರೆ, ಅದಕ್ಕೇ ಕರೆದೊಯ್ಯುತ್ತೇನೆ, ಈ ಸಲ ಎರಡು ಸಾಲು ಮುಂದೆ.