ಫ್ಯಾನಿನ ಅಡಿಯಲ್ಲಿ ಉರಿಯುವ ಕ್ಯಾಂಡಲ್: ಸೋಯಾ–ಪ್ಯಾರಾಫಿನ್ ಮಿಕ್ಸ್ ಮಾಡಿದ ನನ್ನ ಅನುಭವ

ಕ್ಯಾಂಡಲ್ ಮಾಡ್ಲಿಕ್ಕೆ ಎಂತಕ್ಕೆ ಶುರು ಮಾಡಿದ್ದು ಅಂತ ಕೇಳಿದ್ರೆ ದೊಡ್ಡ ಕಾರಣ ಎಂತದೂ ಇಲ್ಲ ಮಾರಾಯ್ರೆ. ದುಬೈಯಲ್ಲಿ ಏಳು ವರ್ಷ ಅತ್ತರಿನ ಅಂಗಡಿಯಲ್ಲಿ ಕೌಂಟರಿಗೆ ನಿಂತವ ನಾನು, ಊರಿಗೆ ಬಂದು ಕಾಸರಗೋಡಿನ ನೀರ್ಚಾಲಿನ ಮನೆಯಲ್ಲಿ ಕೂತ ಮೇಲೆ ಮೂಗಿಗೆ ಕೆಲಸವೇ ಇಲ್ಲದ ಹಾಗೆ ಆಯ್ತು, ತೋಟ ಅಪ್ಪ ನೋಡಿಕೊಳ್ತಾರೆ, ಅಡಿಕೆಗೆ ಮದ್ದು ಬಿಡುವ ಸಮಯಕ್ಕೆ ಪೈಪು ಹಿಡಿಯುದು ಬಿಟ್ರೆ ನನ್ನಿಂದ ಅಲ್ಲಿ ಆಗುವಂಥದ್ದು ಎಂತದೂ ಇಲ್ಲ. ಹಾಗೆ ಒಂದು ಕಿಲೋ ಸೋಯಾ ವ್ಯಾಕ್ಸ್ ಆನ್‌ಲೈನಲ್ಲಿ ತರಿಸಿದೆ. ಅಮ್ಮ ಪ್ಯಾಕೆಟ್ ಬಿಡಿಸಿ ನೋಡಿ "ಇದೆಂತ, ಅವಲಕ್ಕಿಯಾ?" ಅಂತ ಕೇಳಿದ್ರು. ನೋಡ್ಲಿಕ್ಕೆ ಹಾಗೇ ಇರ್ತದೆ, ಬಿಳಿ ಬಿಳಿ ಚೂರು, ಕೈಯಲ್ಲಿ ಹಿಡಿದ್ರೆ ಸ್ವಲ್ಪ ಜಿಡ್ಡು.

ಸೋಯಾ ವ್ಯಾಕ್ಸ್ ಅಂದ್ರೆ ಸೋಯಾ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದು, ಡಾಲ್ಡಾ ಮಾಡುವ ಹಾಗೆಯೇ ಅನ್ನಿ. ಗ್ಲಾಸಿಗೆ ಹೊಯ್ಯುವ ಜಾತಿಯದ್ದು ಸುಮಾರು 50 ಡಿಗ್ರಿಗೆ ಕರಗ್ತದೆ. ನನ್ನ ಮೊದಲ ಪ್ಲಾನ್ ಪೂರ್ತಿ ಸೋಯಾದ್ದೇ ಮಾಡುದು ಅಂತ, ಯಾಕಂದ್ರೆ ಲೇಬಲ್ ಮೇಲೆ "100 ಪರ್ಸೆಂಟ್ ನ್ಯಾಚುರಲ್" ಅಂತ ಹಾಕಬಹುದಲ್ಲ, ಮಾರ್ಲಿಕ್ಕೆ ಸುಲಭ. ಮೊದಲ ಆರು ಗ್ಲಾಸ್ ಹೊಯ್ದದ್ದು ಜನವರಿಯಲ್ಲಿ, ಮರುದಿನ ನೋಡಿದ್ರೆ ಕೆನೆಯ ಹಾಗೆ ನಯ, ನಂಗೆ ಭಯಂಕರ ಖುಷಿ. ಒಂದು ವಾರದಲ್ಲಿ ಗ್ಲಾಸಿನ ಬದಿಗೆಲ್ಲ ಬಿಳಿ ಬಿಳಿ ಹೂ ಬಿಟ್ಟ ಹಾಗೆ ಆಯ್ತು. ಹಾಳಾಯ್ತು ಅಂತ ಎಣಿಸಿದ್ದೆ, ಅದಲ್ಲ, ತುಪ್ಪ ತಣಿದಾಗ ಮರಳು ಮರಳಾಗ್ತದಲ್ಲ, ಅದೇ ಕಥೆ, ಕೊಬ್ಬು ನಿಧಾನಕ್ಕೆ ಹರಳು ಕಟ್ಟುದು. ಉರಿಯುದಕ್ಕೆ ಎಂತ ತೊಂದ್ರೆ ಇಲ್ಲ, ಆದ್ರೆ ತೆಗೊಳ್ಳುವವರಿಗೆ ಅದು ಬೂಸರು. ಮತ್ತೆ ಏಪ್ರಿಲ್ ಬಂತು. ನಮ್ಮಲ್ಲಿ ಏಪ್ರಿಲ್ ಅಂದ್ರೆ ಗೊತ್ತುಂಟಲ್ಲ, ಮಧ್ಯಾಹ್ನ ಹಂಚಿನ ಅಡಿಯಲ್ಲಿ ಕೂತವನಿಗೂ ಬೆವರು, ಕ್ಯಾಂಡಲ್ಲಿಗೂ ಬೆವರು. ನಿಜವಾಗಿ ಹೇಳ್ತಿದ್ದೇನೆ, ಮೇಲೆ ಎಣ್ಣೆಯ ಸಣ್ಣ ಸಣ್ಣ ಹನಿ ನಿಂತಿತ್ತು. ಬೆಂಗಳೂರಿನ ಫ್ರೆಂಡಿಗೆ ಬಸ್ಸಿನಲ್ಲಿ ಕಳಿಸಿದ್ದು ಒಂದು ಬದಿಗೆ ವಾಲಿ ಗಟ್ಟಿಯಾಗಿ ತಲುಪಿತು, ಅವ ಫೋಟೋ ಹಾಕಿ "ಗುಡ್ಡ ಜರಿದ ಹಾಗೆ ಉಂಟಲ್ಲ" ಅಂದ.

ಹಾಗೆ ಪ್ಯಾರಾಫಿನ್ ಕಡೆ ತಿರುಗಿದ್ದು. ಇದು ಪೆಟ್ರೋಲಿಯಂನದ್ದು, ಗಟ್ಟಿ, ರೇಟೂ ಸೋಯಾಕ್ಕಿಂತ ಕಡಿಮೆ. ಮೊದಲ ಸಲ ಒಂದು ಅಂಗಡಿಯಿಂದ ತಂದ ಸ್ಲ್ಯಾಬ್ ಕರಗಿಸಿದಾಗ ಮನೆಯೆಲ್ಲ ಚಿಮಿಣಿ ಎಣ್ಣೆಯ ವಾಸನೆ, ಅದ್ರಲ್ಲಿ ಎಂಥ ಒಳ್ಳೆ ಸೆಂಟ್ ಹಾಕಿದ್ರೂ ಪ್ರಯೋಜನ ಇಲ್ಲ. ಮತ್ತೆ ಗೊತ್ತಾಯ್ತು, ಪೂರ್ತಿ ರಿಫೈನ್ ಆದದ್ದು ಬೇಕು, ಅದ್ರಲ್ಲಿ ಎಣ್ಣೆಯ ಅಂಶ ಅರ್ಧ ಪರ್ಸೆಂಟಿಗಿಂತ ಕಡಿಮೆ ಇರ್ತದೆ, ಕರಗಿಸಿದ್ರೆ ನೀರಿನ ಹಾಗೆ ತಿಳಿ, ವಾಸನೆ ಇಲ್ಲ. ಮಂಗಳೂರಿಗೆ ಹೋಗಿ 58–60 ಡಿಗ್ರಿಗೆ ಕರಗುವಂಥದ್ದು ಅಂತ ಕೇಳಿ ತಂದೆ. ಬರೀ ಪ್ಯಾರಾಫಿನ್ ಹೊಯ್ದ್ರೆ ಅದಕ್ಕೆ ಅದರದ್ದೇ ಉಪದ್ರ, ತಣಿಯುವಾಗ ಕುಗ್ಗಿ ಬತ್ತಿಯ ಬುಡದಲ್ಲಿ ಬಾವಿ ಆಗ್ತದೆ, ಮತ್ತೊಮ್ಮೆ ಬಿಸಿ ಮಾಡಿ ತುಂಬಿಸ್ಬೇಕು. ಆದ್ರೆ ಪರಿಮಳ ಬಿಡುವ ವಿಷಯದಲ್ಲಿ ಸೋಯಾ ಅದರ ಹತ್ತಿರವೂ ಬರುದಿಲ್ಲ. ಹೊಯ್ದ ಎರಡೇ ದಿನಕ್ಕೆ ಹೊತ್ತಿಸಿದ್ರೂ ಕೋಣೆ ತುಂಬ್ತದೆ, ಸೋಯಾದ್ದಕ್ಕೆ ಎರಡು ವಾರ ಕಾಯ್ಬೇಕು.

ಸೀರಿಯಸ್ ಟೆಸ್ಟಿಂಗ್ ಶುರು ಮಾಡಿದ್ದು ಆವಾಗ. ಅಪ್ಪನ ಅಡಿಕೆ ಲೆಕ್ಕದ ಹಳೇ ಪುಸ್ತಕದಲ್ಲಿ ಹಿಂದಿನಿಂದ ಬರೀಲಿಕ್ಕೆ ಸುರು ಮಾಡಿದೆ. ಐದು ಪಾಕ: ಬರೀ ಸೋಯಾ, 70 ಸೋಯಾಕ್ಕೆ 30 ಪ್ಯಾರಾಫಿನ್, ಅರ್ಧ ಅರ್ಧ, 30ಕ್ಕೆ 70, ಬರೀ ಪ್ಯಾರಾಫಿನ್. ಒಂದೇ ಗ್ಲಾಸ್, ಒಂದೇ ಬತ್ತಿ, ಒಂದೇ ಸೆಂಟ್, ಬದಲಾಗುದು ವ್ಯಾಕ್ಸ್ ಮಾತ್ರ. ಇದು ಹೇಳ್ಲಿಕ್ಕೆ ಸುಲಭ, ಮನಸ್ಸು ಕೇಳುದಿಲ್ಲ, "ಈ ಸಲ ಸ್ವಲ್ಪ ಸೆಂಟ್ ಜಾಸ್ತಿ ಹಾಕಿ ನೋಡುವ" ಅಂತ ಆಸೆ ಆಗ್ತದೆ, ಹಾಗೆ ಮಾಡಿ ಮೊದಲ ಎರಡು ಬ್ಯಾಚ್ ಎಂತದೂ ಅರ್ಥ ಆಗದೆ ಹಾಳಾಯ್ತು. ಎಲ್ಲ ತೂಕದಲ್ಲೇ, ಮಿಲಿಯಲ್ಲಿ ಅಲ್ಲ. ನನ್ನ ಗ್ಲಾಸಿಗೆ 140 ಗ್ರಾಂ ಹಿಡೀತದೆ, 8 ಪರ್ಸೆಂಟ್ ಸೆಂಟ್ ಅಂದ್ರೆ 11 ಗ್ರಾಂ ಚಿಲ್ಲರೆ, ಚಿನ್ನದ ಅಂಗಡಿಯವರ ಹಾಗೆ ಸಣ್ಣ ತಕ್ಕಡಿ ಬೇಕಾಯ್ತು.

ಕರಗಿಸುದು ಯಾವಾಗ್ಲೂ ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು. ಡೈರೆಕ್ಟ್ ಗ್ಯಾಸ್ ಮೇಲೆ ಇಡ್ಬೇಡಿ, ಅಕಸ್ಮಾತ್ ವ್ಯಾಕ್ಸಿಗೆ ಬೆಂಕಿ ಹಿಡಿದ್ರೆ ನೀರು ಹಾಕ್ಲಿಕ್ಕೇ ಬೇಡಿ, ಗ್ಯಾಸ್ ಆಫ್ ಮಾಡಿ ಮುಚ್ಚಳ ಹಾಕುದು. ಮತ್ತೆ ಪಾತ್ರೆ ತೊಳೆದ ಬಿಸಿನೀರು ಸಿಂಕಿಗೆ ಚೆಲ್ಬೇಡಿ. ಇದು ಯಾಕೆ ಹೇಳ್ತೇನೆ ಅಂದ್ರೆ ವ್ಯಾಕ್ಸ್ ಕಟ್ಟಿಕೊಂಡ ನಮ್ಮ ಅಡುಗೆಮನೆಯ ಪೈಪು ಅಪ್ಪ ಅಗೆದು ತೆಗೆದ ದಿನ ನಾನು ಊಟಕ್ಕೆ ಬದಿಯಡ್ಕ ಪೇಟೆಗೆ ಹೋಗಿದ್ದೆ.

ಮಿಕ್ಸಿನಲ್ಲಿ ನಾನು ಸೋತದ್ದು ಟೆಂಪರೇಚರಲ್ಲಿ. ಸೋಯಾದ ಪ್ಯಾಕೆಟಲ್ಲಿ 52 ಡಿಗ್ರಿಗೆ ಹೊಯ್ಯಿರಿ ಅಂತ ಇತ್ತು, ನಾನು ಮಿಕ್ಸನ್ನೂ ಅಷ್ಟಕ್ಕೇ ತಣಿಸಿದೆ. ಅಷ್ಟರಲ್ಲಿ ಅದ್ರೊಳಗಿನ ಪ್ಯಾರಾಫಿನ್ ಪಾತ್ರೆಯ ಅಂಚಿನಲ್ಲಿ ಗಟ್ಟಿಯಾಗ್ಲಿಕ್ಕೆ ಶುರು ಆಗಿ ಆಯ್ತು, ಹೊಯ್ದದ್ದು ಅಕ್ಕಿ ಗಂಜಿಯ ಹಾಗೆ ಗಂಟು ಗಂಟು. ಈಗ ಎರಡನ್ನೂ ಒಟ್ಟಿಗೆ 85ಕ್ಕೆ ಏರಿಸಿ, 80ಕ್ಕೆ ಇಳಿದಾಗ ಸೆಂಟ್ ಹಾಕಿ ಎರಡು ನಿಮಿಷ ನಿಧಾನ ತಿರುಗಿಸಿ, 65ಕ್ಕೆ ಹೊಯ್ತೇನೆ. ಗ್ಲಾಸನ್ನು ಸ್ವಲ್ಪ ಬಿಸಿಲಿಗೆ ಇಟ್ಟು ಬೆಚ್ಚಗೆ ಮಾಡಿದ್ರೆ ಬದಿಯಿಂದ ಬಿಡುದು ಕಡಿಮೆ. ಮಳೆಗಾಲದಲ್ಲಿ ಬಿಸಿಲೆಲ್ಲಿ, ಕುಕ್ಕರಿನ ಹತ್ತಿರ ಇಡುದು.

ಸೆಂಟಿನ ಬಗ್ಗೆ ನಂಗೆ ಅಹಂಕಾರ ಇತ್ತು, ಏಳು ವರ್ಷದ ಮೂಗು ಅಲ್ವಾ. ಅದು ಇಳಿದದ್ದು ವೆನಿಲ್ಲಾದಲ್ಲಿ. 2003–04ರ ಹೊತ್ತಿಗೆ ನಮ್ಮ ಊರಲ್ಲೆಲ್ಲ ವೆನಿಲ್ಲಾದ ಹುಚ್ಚು, ಅಪ್ಪ ಕೂಡ ಬಳ್ಳಿ ಹಬ್ಬಿಸಿದ್ರು, ರೇಟು ಬಿದ್ದ ಮೇಲೆ ಎಲ್ಲ ಬಿಟ್ಟದ್ದು, ಒಂದೆರಡು ಬಳ್ಳಿ ಈಗಲೂ ಉಂಟು. ಆ ಕೋಡನ್ನೇ ಸೀಳಿ ವ್ಯಾಕ್ಸಲ್ಲಿ ಹಾಕಿ ಕುದಿಸಿದೆ, ಪರಿಮಳ ವ್ಯಾಕ್ಸಿಗೆ ಇಳಿಯಲೇ ಇಲ್ಲ. ಕೇಕಿಗೆ ಹಾಕುವ ಎಸೆನ್ಸ್ ಹಾಕಿದೆ, ಅದು ನೀರು, ಸ್ಪಿರಿಟಿನದ್ದು, ಅಡಿಯಲ್ಲಿ ಗುಳ್ಳೆ ಗುಳ್ಳೆಯಾಗಿ ಕೂತು ಹೊತ್ತಿಸಿದಾಗ ಸಾಸಿವೆ ಒಗ್ಗರಣೆಯ ಹಾಗೆ ಚಟ್‌ಪಟ್. ಕಡೆಗೆ ಕ್ಯಾಂಡಲಿಗೇ ಅಂತ ಬರುವ ಸೆಂಟಿನ ಎಣ್ಣೆಯೇ ತಂದೆ, ಅದ್ರಲ್ಲಿ ವೆನಿಲಿನ್ (ವೆನಿಲ್ಲಾದ ಪರಿಮಳ ಕೊಡುವ ವಸ್ತು) ಇದ್ದ ಕಾರಣ ಬಿಳಿ ಕ್ಯಾಂಡಲ್ ಮೂರು ವಾರಕ್ಕೆ ಚಹಾದ ಬಣ್ಣಕ್ಕೆ ತಿರುಗಿತು. ಮಲ್ಲಿಗೆ ಹೂ ಹಾಕಿ ಮಾಡು ಅಂತ ಅತ್ತಿಗೆಯ ಸಲಹೆ, ಹೂವಿನಲ್ಲಿ ಇರುದು ಹೆಚ್ಚು ನೀರೇ, ಒಣಗಿಸಿ ಮೇಲೆ ಇಟ್ರೆ ಅದಕ್ಕೇ ಬೆಂಕಿ ಹಿಡೀತದೆ. ಬೇಡ ಅಂದೆ.

ಪರಿಮಳ ಟೆಸ್ಟ್ ಮಾಡುದು ಹೇಗೆ ಅಂದ್ರೆ, ಮಾಡಿದವನ ಮೂಗು ನಂಬ್ಲಿಕ್ಕೇ ಇಲ್ಲ. ಅರ್ಧ ಗಂಟೆ ಅದೇ ಕೋಣೆಯಲ್ಲಿ ಇದ್ರೆ ಮೂಗು ಸತ್ತು ಹೋಗ್ತದೆ, ಅಂಗಡಿಯಲ್ಲಿ ನಾವು ಗಿರಾಕಿಗೆ ಮಧ್ಯ ಮಧ್ಯ ಕಾಫಿ ಬೀಜ ಮೂಸ್ಲಿಕ್ಕೆ ಕೊಡ್ತಿದ್ದೆವು, ಅದೂ ಅಷ್ಟಕ್ಕಷ್ಟೆ. ನಾನು ಮಾಡಿದ್ದು ಇಷ್ಟು, ಗ್ಲಾಸಿನ ಅಡಿಗೆ ನಂಬರ್ ಅಂಟಿಸಿ, ಹತ್ತಕ್ಕೆ ಹತ್ತರ ಕೋಣೆಯಲ್ಲಿ ಬಾಗಿಲು ಹಾಕಿ ಒಂದು ಗಂಟೆ ಉರಿಸಿ, ಆಮೇಲೆ ಹೊರಗಿನಿಂದ ಬಂದವರನ್ನು ಒಳಗೆ ಕಳಿಸುದು. ಅಮ್ಮ, ಅತ್ತಿಗೆ, ಹಾಲು ತರುವ ಹುಡುಗ. ಮೂವರೂ ಮೇಲಿಟ್ಟದ್ದು ಪ್ಯಾರಾಫಿನ್ ಜಾಸ್ತಿ ಇದ್ದದ್ದನ್ನೇ, ಅರ್ಧ ಅರ್ಧದ್ದು ಎರಡನೇದ್ದು, ಬರೀ ಸೋಯಾದ್ದಕ್ಕೆ ಹುಡುಗ "ಇದ್ರಲ್ಲಿ ಹಾಕ್ಲಿಕ್ಕೆ ಮರೆತದ್ದಾ?" ಅಂತ ಕೇಳಿದ. ಎರಡು ವಾರ ಬಿಟ್ಟು ಅದನ್ನೇ ಮತ್ತೆ ಉರಿಸಿದಾಗ ಸೋಯಾ ಸುಮಾರು ಸುಧಾರಿಸಿತ್ತು. ಸೆಂಟ್ 12 ಪರ್ಸೆಂಟ್ ಹಾಕಿದ್ದಕ್ಕೆ ಅತ್ತಿಗೆಗೆ ತಲೆನೋವು, ಅದ್ರ ಮೇಲೆ ವ್ಯಾಕ್ಸ್ ಹಿಡಿಯದೆ ಎಣ್ಣೆ ಹೊರಗೆ ಬಂತು. 8ಕ್ಕೆ ನಿಂತೆ.

ಇಷ್ಟೆಲ್ಲ ಆದ ಮೇಲೆ ನಾನು ಎಣಿಸಿದ್ದು 70:30ಕ್ಕೂ ಅರ್ಧ ಅರ್ಧಕ್ಕೂ ನಡುವಿನ 60 ಸೋಯಾ 40 ಪ್ಯಾರಾಫಿನ್ ಪಾಸ್ ಅಂತ. ಹೂ ಬಿಡುದಿಲ್ಲ, ಬಾವಿ ಆಗುದಿಲ್ಲ, ಏಪ್ರಿಲಿನಲ್ಲಿ ಬೆವರುದಿಲ್ಲ. ನೆರೆಯ ಅಕ್ಕನಿಗೆ ಎರಡು ಕೊಟ್ಟೆ, ನಾಲ್ಕೇ ದಿನದಲ್ಲಿ ವಾಪಸ್ ತಂದ್ರು, ನಡುವಲ್ಲಿ ಗುಂಡಿ, ಒಂದು ಬದಿಯ ವ್ಯಾಕ್ಸ್ ಹಾಗೇ ಗೋಡೆಯ ಹಾಗೆ ನಿಂತಿದೆ. ನನ್ನ ಕೋಣೆಯಲ್ಲಿ ಅದೇ ಬ್ಯಾಚ್ ಅಂಚಿನವರೆಗೆ ಚಂದ ಕರಗಿತ್ತು. ಎರಡು ವಾರ ವ್ಯಾಕ್ಸಿನ ಮೇಲೆಯೇ ಸಂಶಯ, 5 ಪರ್ಸೆಂಟ್ ಆಚೆ ಈಚೆ ಮಾಡಿ ಮಾಡಿ ಬಚ್ಚಿತು. ಮತ್ತೆ ಒಂದು ಸಂಜೆ ಅವರ ಮನೆಗೆ ಹೋದಾಗ ಮೇಜಿನ ಮೇಲೆ ಕ್ಯಾಂಡಲ್, ಅದ್ರ ಸರಿ ಮೇಲೆ ಫ್ಯಾನ್, ನಾಲ್ಕರಲ್ಲಿ.

ಕ್ಯಾಂಡಲ್ ಮಾಡುವವರೆಲ್ಲ ಹೇಳುದು ಗಾಳಿ ಇಲ್ಲದಲ್ಲಿ ಉರಿಸಿ ಅಂತ. ಸರಿ, ಅದು ಚಳಿ ದೇಶದವರಿಗೆ, ಕಾಸರಗೋಡಿನಲ್ಲಿ ಮೇ ತಿಂಗಳಲ್ಲಿ ಫ್ಯಾನ್ ಆಫ್ ಮಾಡಿ ಕ್ಯಾಂಡಲ್ ಹೊತ್ತಿಸಿ ಕೂತುಕೊಳ್ಳುವ ಮನುಷ್ಯ ಇದ್ರೆ ನಂಗೆ ತೋರಿಸಿ. ನಾನು ಮೂರು ತಿಂಗಳು ಬಾಗಿಲು ಹಾಕಿ, ಫ್ಯಾನ್ ಆಫ್ ಮಾಡಿ, ಬನಿಯಾನ್ ಚಂಡಿ ಮಾಡಿಕೊಂಡು ಟೆಸ್ಟ್ ಮಾಡಿದ್ದು ಯಾರ ಮನೆಗೂ ಸಂಬಂಧ ಇಲ್ಲದ ಟೆಸ್ಟ್. ಗಾಳಿಗೆ ಜ್ವಾಲೆ ಒಂದು ಬದಿಗೆ ಬಾಗ್ತದೆ, ಮತ್ತೊಂದು ಬದಿ ಕರಗುದೇ ಇಲ್ಲ, ಜ್ವಾಲೆ ಕುಣಿದಷ್ಟೂ ಮಸಿ.

ಅಲ್ಲಿಂದ ಬತ್ತಿಯ ಕಡೆ ಹೋದೆ. ಸಿಡಿ ಅಂತ ಒಂದು ಜಾತಿಯ ಬತ್ತಿ ಬರ್ತದೆ, ನಂಬರ್ ಜಾಸ್ತಿ ಆದಷ್ಟು ಬತ್ತಿ ದೊಡ್ಡದು, ಅದ್ರ 8, 10, 12, ಮೂರನ್ನೂ ಫ್ಯಾನ್ ಎರಡರಲ್ಲಿ ಇಟ್ಟು, ದಿನಕ್ಕೆ ನಾಲ್ಕು ಗಂಟೆ, ಆರಿಸಿ ಪೂರ್ತಿ ತಣಿದ ಮೇಲೆ ತೂಗುದು, ಬತ್ತಿ ಕಾಲು ಇಂಚಿಗೆ ಕತ್ತರಿಸುದು, ಮರುದಿನ ಮತ್ತೆ. 8 ಎರಡನೇ ದಿನಕ್ಕೆ ಮುಳುಗಿ ಸತ್ತಿತು. 10 ಹೇಗೋ ನಡೀತಾ ಇತ್ತು. 12 ಮಾತ್ರ ಗಾಳಿಯಲ್ಲೂ ನಾಲ್ಕು ಗಂಟೆಯಲ್ಲಿ ಅಂಚು ಮುಟ್ಟಿತು, ಗಂಟೆಗೆ 5 ಗ್ರಾಂ ಲೆಕ್ಕದಲ್ಲಿ ಉರಿದಿದೆ ಅಂತ ಪುಸ್ತಕದಲ್ಲಿ ಉಂಟು. ಗೆದ್ದೆ ಅಂತ ಇಪ್ಪತ್ತು ಗ್ಲಾಸ್ ಹೊಯ್ದೆ.

ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ಕಳೆದು ಮಳೆ ಹಿಡಿಯಿತು, ಒಂದು ರಾತ್ರಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದದ್ದು ಎರಡು ದಿನ ಬರ್ಲೇ ಇಲ್ಲ. ಅಮ್ಮ ಅಟ್ಟದಿಂದ ನನ್ನ ಗ್ಲಾಸೆಲ್ಲ ಇಳಿಸಿ ಚಾವಡಿಯಿಂದ ಬಚ್ಚಲಿನವರೆಗೆ ಹೊತ್ತಿಸಿ ಇಟ್ರು, ನೋಡ್ಲಿಕ್ಕೆ ಮಧೂರಿನ ದೇವಸ್ಥಾನದ ದೀಪೋತ್ಸವ. ಒಂದೂವರೆ ಗಂಟೆಯಲ್ಲಿ 12ರ ಬತ್ತಿಯ ತಲೆ ಅಣಬೆಯ ಹಾಗೆ ಉಬ್ಬಿ, ಗ್ಲಾಸಿನ ಬಾಯಿ ಕಪ್ಪು, ಮುಟ್ಲಿಕ್ಕೆ ಆಗದಷ್ಟು ಬಿಸಿ. ಕರೆಂಟ್ ಇಲ್ಲ ಅಂದ್ರೆ ಫ್ಯಾನ್ ಇಲ್ಲ, ಗಾಳಿ ಇಲ್ಲದಲ್ಲಿ 12 ಅಂದ್ರೆ ವಿಪರೀತ ದೊಡ್ಡ ಬತ್ತಿ. ಜನ ಕ್ಯಾಂಡಲ್ ಹೊತ್ತಿಸುದೇ ಕರೆಂಟ್ ಹೋದಾಗ ಅನ್ನುದು ನನ್ನ ತಲೆಗೆ ಹೋಗದೆ ಇದ್ದದ್ದು ನೋಡಿ! ಅಪ್ಪ ಆ ಬೆಳಕಲ್ಲೇ ಗಂಜಿ ಉಣ್ಣುತ್ತಾ "ಪರಿಮಳ ಎಲ್ಲ ಸರಿ, ಉಪ್ಪಿನಕಾಯಿಗೂ ಮಲ್ಲಿಗೆಯದ್ದೇ ರುಚಿ ಬರ್ತದೆ" ಅಂದ್ರು. ಊಟದ ಮೇಜಿಗೆ ಸೆಂಟ್ ಇಲ್ಲದ್ದು ಬೇರೆ ಮಾಡ್ಬೇಕು ಅಂತ ಅದನ್ನೂ ಬರೆದಿಟ್ಟೆ.

ವ್ಯಾಕ್ಸಲ್ಲೂ ಬತ್ತಿಯಲ್ಲೂ ಸಿಗದ ಉತ್ತರ ಗ್ಲಾಸಲ್ಲಿ ಸಿಕ್ಕಿತು. ಎಂಟು ಸೆಂಟಿಮೀಟರ್ ಅಗಲದ್ದು ಬಿಟ್ಟು ಆರೂವರೆಯ ಸಪೂರ, ಉದ್ದದ ಗ್ಲಾಸ್ ತಂದೆ, ಮೇಲೆ ಮೂರು ಸೆಂಟಿಮೀಟರ್ ಖಾಲಿ ಬಿಟ್ಟೆ. ಜ್ವಾಲೆ ಗ್ಲಾಸಿನ ಗೋಡೆಯ ಮರೆಯಲ್ಲಿ ಇರ್ತದೆ, ಫ್ಯಾನಿನ ಗಾಳಿ ನೇರ ತಾಗುದಿಲ್ಲ, ಅಗಲ ಕಡಿಮೆ ಆದ ಕಾರಣ 10ರ ಬತ್ತಿಯೇ ಅಂಚಿನವರೆಗೆ ಕರಗಿಸ್ತದೆ, ಫ್ಯಾನ್ ಇಲ್ಲದಾಗ ಅಣಬೆಯೂ ಇಲ್ಲ. ಮಸಿ ಸ್ವಲ್ಪ ಉಂಟು, ಪೂರ್ತಿ ಇಲ್ಲ ಅಂತ ಸುಳ್ಳು ಹೇಳುದಿಲ್ಲ. ತೆಂಗಿನ ಗೆರಟೆಯಲ್ಲಿ (ಚಿಪ್ಪಿನಲ್ಲಿ) ಮಾಡಿಕೊಡಿ ಅಂತ ತುಂಬ ಜನ ಕೇಳ್ತಾರೆ, ಚಂದ ಕಾಣ್ತದೆ, ಆದ್ರೆ ಬಾಯಿ ಅಗಲ, ಗೆರಟೆ ಸ್ವತಃ ಉರಿಯುವ ವಸ್ತು, ಕಣ್ಣಿನಿಂದ ವ್ಯಾಕ್ಸ್ ಸೋರ್ತದೆ. ತೆಂಗಿನೆಣ್ಣೆ ಸೇರಿಸಿ ಅಂತಲೂ ಹೇಳ್ತಾರೆ, ಅದು 24 ಡಿಗ್ರಿಗೇ ಕರಗುವಂಥದ್ದು, ನಮ್ಮ ಸೆಕೆಗೆ ಬಾಟ್ಲಿಯಲ್ಲೇ ನೀರಾಗಿರ್ತದೆ, ಕ್ಯಾಂಡಲ್ ಹೇಗೆ ನಿಲ್ಲುದು.

ಈಗ ಲೇಬಲಲ್ಲಿ "ಸೋಯಾ ಮತ್ತು ಪ್ಯಾರಾಫಿನ್" ಅಂತಲೇ ಬರೀತೇನೆ. ಅದ್ರಿಂದ ಕೆಲವರು ಕೆಳಗೆ ಇಟ್ಟು ಹೋಗ್ತಾರೆ, ಪ್ಯಾರಾಫಿನ್ ವಿಷ ಅಲ್ವಾ ಅಂತ ಕೇಳಿದವರೂ ಉಂಟು. ಬತ್ತಿ ದೊಡ್ಡದಾದ್ರೆ, ಗಾಳಿ ತಾಗಿದ್ರೆ ಸೋಯಾವೂ ಮಸಿ ಬಿಡ್ತದೆ, ನಾನು ಕಣ್ಣಾರೆ ನೋಡಿದ್ದೇನೆ, ಬತ್ತಿ ಕತ್ತರಿಸಿ, ಕಿಟಕಿ ಸ್ವಲ್ಪ ತೆರೆದಿಡಿ ಅಂತ ಹೇಳ್ತೇನೆ ಅಷ್ಟೆ. ಮಲ್ಲಿಗೆಯದ್ದೂ ಲಾವಂಚದ್ದೂ 60 ಸೋಯಾ 40 ಪ್ಯಾರಾಫಿನಲ್ಲಿ ಸೆಟ್ ಆಗಿದೆ. ಸಂಪಿಗೆ ಆಗ್ಲಿಲ್ಲ, ಹೊತ್ತಿಸದೆ ಇದ್ರೆ ಒಳ್ಳೆ ಪರಿಮಳ, ಹೊತ್ತಿಸಿದ್ರೆ ಎಂತದೂ ಇಲ್ಲ. ಅದಕ್ಕೇ ಪ್ಯಾರಾಫಿನ್ ಅರ್ಧಕ್ಕೆ ಏರಿಸಿ ಮೊನ್ನೆ ಮೂರು ಗ್ಲಾಸ್ ಹೊಯ್ದಿದ್ದೇನೆ, ಒಂದನ್ನು ಅಮ್ಮ ಕಾಯದೆ ನಿನ್ನೆಯೇ ಹೊತ್ತಿಸಿ ಆಯ್ತು, ಉಳಿದ ಎರಡನ್ನು ಅಟ್ಟದಲ್ಲಿ ಅಡಿಕೆ ಗೋಣಿಯ ಹಿಂದೆ ಅಡಗಿಸಿ ಇಟ್ಟಿದ್ದೇನೆ.